ಮನೆ ವ್ಯಾನಿನ ಎರಡನೇ ಬ್ಯಾಟರಿ

ಹನುಮಂತಯ್ಯನವರು ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಅಷ್ಟು ವರ್ಷದಲ್ಲಿ ಒಂದು ಕೋಳಿಗೂ ಗಾಡಿ ತಾಗಿಸಿರಲಿಲ್ಲ. ಗುಬ್ಬಿಯ ಹತ್ತಿರ ಒಂದು ನಾಯಿ ಅಡ್ಡ ಬಂದದ್ದುಂಟು, ಆದರೆ ತಪ್ಪು ನಾಯಿಯದೇ ಎಂದು ಕಂಡಕ್ಟರು ಬರೆದುಕೊಟ್ಟಿದ್ದರು. 2004ರಲ್ಲಿ ನಿವೃತ್ತರಾಗಿ ಮಾರೇನಹಳ್ಳಿಯ ಮನೆಯ ಜಗುಲಿಯಲ್ಲಿ ಮೂರು ತಿಂಗಳು ಪೇಪರ್ ಓದಿದರು. ನಾಲ್ಕನೇ ತಿಂಗಳು, ಯಾವುದೋ ಶಾಲೆಯವರು ಮಾರಾಟಕ್ಕಿಟ್ಟಿದ್ದ ಬಿಳಿ ಬಣ್ಣದ ಹಳೇ ಮಿನಿಬಸ್ಸೊಂದನ್ನು ತಂದು ಮನೆಯ ಮುಂದೆ ನಿಲ್ಲಿಸಿದರು.

"ಯಾರದ್ದು ಇದು?" ಎಂದು ಹೆಂಡತಿ ಅಕ್ಕಯ್ಯಮ್ಮ ಬಾಗಿಲಿಗೆ ಬಂದು ಕೇಳಿದರು.

"ನಮ್ಮದೇ ಕಣೇ. ಇದರೊಳಗೆ ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲಾ ಹಾಕಿಸ್ತೀನಿ. ಊರೂರು ಸುತ್ತೋಣ. ಲಾಡ್ಜೂ ಬೇಡ, ಹೋಟ್ಲೂ ಬೇಡ."

"ಅಡುಗೆ?"

"ಒಲೆ ಇರತ್ತಲ್ಲ."

"ಒಲೆ ಇರತ್ತೆ. ಅಡುಗೆ ಯಾರು ಮಾಡ್ತಾರೆ?"

ಹನುಮಂತಯ್ಯ, ಹಿಂದಿನ ಟೈರಿಗೆ ಗಾಳಿ ಕಮ್ಮಿ ಇದ್ದ ಹಾಗಿದೆ ಎಂದು ಹೇಳಿ ಆ ಕಡೆ ಹೋದರು.

ಗಾಡಿಯನ್ನು ಮನೆ ಮಾಡುವ ಕೆಲಸ ನಾಯಂಡಹಳ್ಳಿಯ ದುಂಡಪ್ಪನ ಶೆಡ್ಡಿನಲ್ಲಿ ಶುರುವಾಯಿತು. ದುಂಡಪ್ಪ ಬಾದಾಮಿ ಕಡೆಯವನು. ಸಿನಿಮಾದವರ ಮೇಕಪ್ ವ್ಯಾನುಗಳಿಗೆ ಒಳಗಿನ ಕೆಲಸ ಮಾಡಿಕೊಟ್ಟು ಹೆಸರು ಮಾಡಿದ್ದ. ಅಡುಗೆ ತನ್ನ ತಲೆಗೇ ಬರುವುದು ಖಾತ್ರಿಯಾದ ಮೇಲೆ ಅಕ್ಕಯ್ಯಮ್ಮನೂ ಶೆಡ್ಡಿಗೆ ಬರತೊಡಗಿದರು. ಒಲೆಯ ಕಟ್ಟೆ ಎಷ್ಟೆತ್ತರ ಇರಬೇಕು ಎಂದು ನಿಂತು ತೋರಿಸಿದರು. ಪಾತ್ರೆಯ ಬೀರುಗಳಿಗೆ ಬಲವಾದ ಚಿಲಕ ಹಾಕಿಸಿದರು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಕೂತು, ಯಾವ ವೈರು ಎಲ್ಲಿಗೆ ಹೋಗುತ್ತದೆ, ಯಾವ ಪೈಪು ಎಲ್ಲಿಂದ ಬರುತ್ತದೆ ಎಂದು ಒಂದೊಂದಾಗಿ ಕೇಳಿದರು. ಹನುಮಂತಯ್ಯನಿಗೆ ಎಂಜಿನ್ನಿನ ಆಚೆಗೆ ಆಸಕ್ತಿ ಇರಲಿಲ್ಲ. ಬಾನೆಟ್ಟು ಎತ್ತಿ ಅದರೊಳಗೆ ತಲೆ ಹಾಕಿದರೆ ಊಟದ ಹೊತ್ತಿಗೇ ಹೊರಗೆ ತೆಗೆಯುತ್ತಿದ್ದದ್ದು.

ಗಾಡಿ ಒಪ್ಪಿಸುವ ದಿನ ದುಂಡಪ್ಪ ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ. "ಯಜಮಾನ್ರ, ಒಂದ್ ಮಾತು. ಇದನ್ನ ಬಸ್ಸು ಅಂತ ತಿಳಕೋಬ್ಯಾಡ್ರಿ. ಬಸ್ಸಿನಾಗ ಮಂದಿ ಕುಂದರ್ತಾರ, ಇಳೀತಾರ. ಇದರಾಗ ಸಂಸಾರ ಐತಿ."

"ಮೂವತ್ತೆರಡು ವರ್ಷ ಸ್ಟೀರಿಂಗ್ ಹಿಡಿದಿದೀನಿ ಕಣಯ್ಯ," ಎಂದರು ಹನುಮಂತಯ್ಯ.

"ಹೌದ್ರಿ. ಆದ್ರೂ ಕೇಳ್ರಿ. ಹದಿನೈದ್ ದಿನಕ್ಕೊಮ್ಮೆರ ಹೊರಗ ತಗದು ಹತ್ತು ಕಿಲೋಮೀಟರ್ ಓಡಸ್ರಿ. ನಿಂತಲ್ಲೇ ನಿಂತ್ರ ಟೈರು ಒಂದ ಕಡೆ ಚಪ್ಪಟಿ ಆಗ್ತಾವ. ಟ್ಯಾಂಕಿನಾಗಿನ ನೀರು ವಾರಕ್ಕಿಂತ ಜಾಸ್ತಿ ಇಟ್ರ ನಾರ್ತೈತಿ, ಖಾಲಿ ಮಾಡಿ ತೊಳೀರಿ. ಭಾರದ ಸಾಮಾನು ಕೆಳಗ, ಹಗೂರಿದ್ದದ್ದು ಮ್ಯಾಲ. ಹೊರಡೂ ಮುಂದ ಗ್ಯಾಸು ಸಿಲಿಂಡರಿನ ತಲೀಗೇ ಬಂದ್ ಮಾಡ್ರಿ, ಒಲಿ ಹತ್ರ ಮಾಡಿದ್ರ ಸಾಲಂಗಿಲ್ಲ. ಮಳಿಗಾಲಕ್ಕಿಂತ ಮುಂಚೆ ಮ್ಯಾಲ ಹತ್ತಿ ತಗಡಿನ ಜೋಡಣಿ ನೋಡ್ರಿ. ನೀರು ಇಳಿಯೂದು ಒಂದ ಕಡೆ, ಕಾಣೂದು ಇನ್ನೊಂದ ಕಡೆ."

ಎರಡನೇ ಮಾತಿಗೇ ಹನುಮಂತಯ್ಯ ರಸ್ತೆಯ ಕಡೆ ನೋಡತೊಡಗಿದ್ದರು. ಉಳಿದದ್ದನ್ನು ದುಂಡಪ್ಪ ಅಕ್ಕಯ್ಯಮ್ಮನಿಗೇ ಹೇಳಿ ಮುಗಿಸಿದ. "ಕಡೀಗೊಂದು ಅಕ್ಕಾರ. ಎಂಜಿನ್ ಬ್ಯಾಟರಿ ಬ್ಯಾರೆ, ಮನೀ ಬ್ಯಾಟರಿ ಬ್ಯಾರೆ. ಫ್ಯಾನು, ಲೈಟು, ನೀರಿನ ಪಂಪು ಎಲ್ಲಾ ಮಂಚದ ಕೆಳಗಿನ ಬ್ಯಾಟರಿಯಿಂದ ಓಡ್ತಾವ. ಇವೆರಡನ್ನ ಕಲಸಬ್ಯಾಡ್ರಿ."

ಗಾಡಿ ಮನೆಗೆ ಬಂತು. ಆಮೇಲೆ ಎರಡು ತಿಂಗಳು ಹೊಂಗೆ ಮರದ ಕೆಳಗೆ ನಿಂತಿತು. ಹನುಮಂತಯ್ಯ ದಿನಾ ಬೆಳಿಗ್ಗೆ ಗಾಜು ಒರೆಸಿ, ಸೀಟಿನಲ್ಲಿ ಕೂತು, ಎಂಜಿನ್ ಹಚ್ಚಿ, ಐದು ನಿಮಿಷ ಅದರ ಸದ್ದು ಕೇಳಿ ಆರಿಸುತ್ತಿದ್ದರು. ಬಂದ ನೆಂಟರಿಗೆಲ್ಲ ಒಳಗೆ ಕರೆದು ತೋರಿಸುತ್ತಿದ್ದರು. ಒಂದು ಮಧ್ಯಾಹ್ನ ಮಂಚದ ಹಲಗೆ ಎತ್ತಿ ನೋಡಿ, "ಒಂದು ಗಾಡಿಗೆ ಎರಡು ಬ್ಯಾಟರಿ ಯಾಕೆ, ಸುಮ್ನೆ ದುಡ್ಡು ಕೀಳೋಕೆ," ಎಂದುಕೊಂಡು, ಮನೆಯ ವೈರುಗಳನ್ನು ಬಿಚ್ಚಿ ಎಂಜಿನ್ನಿನ ಬ್ಯಾಟರಿಗೇ ಜೋಡಿಸಿಬಿಟ್ಟರು. ಅಕ್ಕಯ್ಯಮ್ಮ ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡಿದರು. ಬ್ಯಾಟರಿ ಅಂಗಡಿಯವನನ್ನು ಕರೆಸಿ, ಗಂಡ ಮಲಗಿದ್ದಾಗ, ಕೆಲಸವಿಲ್ಲದೆ ಕೂತಿದ್ದ ಆ ಎರಡನೇ ಬ್ಯಾಟರಿಗೆ ಚಾರ್ಜ್ ಹಾಕಿಸಿ ಮತ್ತೆ ಮಂಚದ ಕೆಳಗೆ ಇಡಿಸಿದರು.

ಮೊದಲ ಪ್ರಯಾಣ ತಲಕಾಡಿಗೆ ಎಂದು ನಿಶ್ಚಯವಾಯಿತು. ಹನುಮಂತಯ್ಯನ ಅಕ್ಕ ಬೋರಮ್ಮನೂ ಹೊರಟರು. ಬೋರಮ್ಮನಿಗೆ ಎಪ್ಪತ್ತು ದಾಟಿತ್ತು. ತಮ್ಮನನ್ನು ಈಗಲೂ ಹನುಮ ಎಂದೇ ಕರೆಯುತ್ತಿದ್ದರು. ದೇವರಿಗೆಂದು ಹದಿನಾರು ತೆಂಗಿನಕಾಯಿ ತಂದಿದ್ದರು. ಕೆಳಗಿಡೋಣ ಎಂದು ಅಕ್ಕಯ್ಯಮ್ಮ ಹೇಳಿದರೆ, "ದೇವ್ರ ಕಾಯಿ ಕಾಲಿಗೆ ತಾಗ್ಬಾರ್ದು ಕಣಮ್ಮ," ಎಂದು ಮೇಲಿನ ಬೀರುವಿನಲ್ಲೇ ಇಟ್ಟರು.

"ಚಿಲಕ ಹಾಕ್ಬಿಡ್ತೀನಿ, ಒಂದ್ನಿಮಿಷ," ಎಂದರು ಅಕ್ಕಯ್ಯಮ್ಮ.

"ರಾಹುಕಾಲ ಬರತ್ತೆ. ಕೂತ್ಕೋ. ನಾನು ಓಡಿಸುವಾಗ ಲೋಟದಲ್ಲಿರೋ ನೀರೂ ಚೆಲ್ಲಲ್ಲ."

ಗಾಡಿ ಹೊರಟಿತು. ಎರಡು ತಿಂಗಳು ನಿಂತ ಟೈರುಗಳು ದಡ ದಡ ಎನ್ನತೊಡಗಿದವು. ರಸ್ತೆ ಸರಿಯಿಲ್ಲ ಎಂದು ಹನುಮಂತಯ್ಯ ಬೈದರು. ರಸ್ತೆಗೆ ಅದೇ ವಾರ ಡಾಂಬರು ಹಾಕಿದ್ದರು. ಮೈಸೂರು ರಸ್ತೆಗೆ ತಿರುಗುವ ಮೊದಲು ಒಂದು ಹಂಪು ಬಂತು. ಅವರು ಅದನ್ನು ಬಹಳ ನಾಜೂಕಾಗಿಯೇ ಹತ್ತಿಸಿ ಇಳಿಸಿದರು. ಆದರೂ ಬೀರುವಿನ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಮೊದಲು ಅಕ್ಕಿ ಹಿಟ್ಟಿನ ಡಬ್ಬ ಬೋರಮ್ಮನ ನೆತ್ತಿಯ ಮೇಲೆ ಬಿತ್ತು. ಆಮೇಲೆ ತೆಂಗಿನಕಾಯಿಗಳು ಒಂದೊಂದಾಗಿ ಇಳಿದು ಡ್ರೈವರ್ ಸೀಟಿನ ತನಕ ಉರುಳಿ ಬಂದವು.

"ಹನುಮ," ಎಂದು ಹಿಟ್ಟಿನೊಳಗಿಂದ ಬೋರಮ್ಮನ ದನಿ ಬಂತು, "ನಾನು ಬದುಕಿದೀನಾ ನೋಡೋ."

ತಲೆ ತೊಳೆಯದೆ ಮುಂದೆ ಬರುವುದಿಲ್ಲ ಎಂದು ಬೋರಮ್ಮ ಹಟ ಹಿಡಿದರು. ಹನುಮಂತಯ್ಯ ಕೆಂಗೇರಿ ಉಪನಗರದೊಳಗೆ ಗಾಡಿ ತಿರುಗಿಸಿ ಒಂದು ಪಾರ್ಕಿನ ಪಕ್ಕ ನೆರಳಲ್ಲಿ ನಿಲ್ಲಿಸಿದರು. ಪಂಪು ಹಾಕಿ ನೀರು ಬಿಟ್ಟರು. ಬೋರಮ್ಮ ಅರ್ಧ ತೊಳೆದುಕೊಳ್ಳುವಷ್ಟರಲ್ಲಿ ತಲೆ ಸುತ್ತುತ್ತದೆ ಎಂದು ಮಂಚದ ಮೇಲೆ ಒರಗಿದರು. ಫ್ಯಾನು ಹಾಕಿದರು. ಸೆಕೆಯೆಂದು ಎರಡನೇ ಫ್ಯಾನೂ ಹಾಕಿದರು. ಅಕ್ಕಯ್ಯಮ್ಮ ಅಡುಗೆ ಮಾಡಿದರು. ಎಲ್ಲರೂ ಉಂಡರು. ಮುಖವೆಲ್ಲ ಬೆಳ್ಳಗಿದ್ದ ಬೋರಮ್ಮ ಅಲ್ಲೇ ನಿದ್ದೆ ಹೋದರು. ಎರಡೂವರೆ ಗಂಟೆ ಕಳೆದ ಮೇಲೆ ಹನುಮಂತಯ್ಯ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು. ಟಕ್ ಎಂದಿತು. ಮತ್ತೆ ತಿರುಗಿಸಿದರು. ಆ ಟಕ್ ಕೂಡ ಬರಲಿಲ್ಲ.

ಅವರು ಇಳಿದು ಬಾನೆಟ್ಟು ಎತ್ತಿದರು. ಅಷ್ಟರಲ್ಲಿ ವಯಸ್ಸಾದವರೊಬ್ಬರು ಅಂಗಿಯ ತೋಳು ಮಡಚಿಕೊಂಡು ಬಂದು ನಿಂತಿದ್ದರು. ಅವರ ಹಿಂದೆ ಇನ್ನೂ ಮೂವರು. ಬಿಳಿ ವ್ಯಾನು, ಒಳಗೆ ಮಲಗಿದ್ದ ಬಿಳಿಚಿಕೊಂಡ ಮುದುಕಿ, ಇಷ್ಟು ನೋಡಿದ ಪಾರ್ಕಿನವರು ಇದು ಆರೋಗ್ಯ ತಪಾಸಣೆಯ ಗಾಡಿ ಎಂದು ತೀರ್ಮಾನಿಸಿದ್ದರು.

"ಬಿಪಿ ಮೊದಲೋ, ಶುಗರ್ ಮೊದಲೋ ಸಾರ್?"

"ಎರಡೂ ಇಲ್ಲ. ಇದು ನಮ್ಮ ಮನೆ," ಎಂದರು ಹನುಮಂತಯ್ಯ ಸ್ವಲ್ಪ ಗಡುಸಾಗಿ.

ಅವರು ನಂಬಲಿಲ್ಲ. ಸಾಲು ಬಿಟ್ಟರೆ ಜಾಗ ಹೋಗುತ್ತದೆಂದು ಅಲ್ಲೇ ನಿಂತರು. ಅಕ್ಕಯ್ಯಮ್ಮನಿಗೆ ಪಾಪ ಅನ್ನಿಸಿ ಕಾಫಿ ಮಾಡಿ ತಂದುಕೊಟ್ಟರು. "ಸಕ್ಕರೆ ಹಾಕ್ಲಾ?" ಎಂದು ಕೇಳಿದರು.

"ಅದನ್ನ ನೀವೇ ಹೇಳ್ಬೇಕಮ್ಮ. ಅದಕ್ಕೇ ಬಂದಿರೋದು."

ಈ ಹೊತ್ತಿಗೆ ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಗಿರಿಜಾದೇವಿ ಬಂದರು. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಕೈಯಲ್ಲಿ ಕೊಡೆ ಇತ್ತು. ಗಾಡಿಯನ್ನು ಒಂದು ಸುತ್ತು ಹಾಕಿ, ಕಿಟಕಿಯಲ್ಲಿ ಒಣಗಲು ಹಾಕಿದ್ದ ಬೋರಮ್ಮನ ಸೀರೆಯನ್ನು ಕೊಡೆಯ ತುದಿಯಿಂದ ತೋರಿಸಿ ಕೇಳಿದರು. "ಇದು ವಾಹನವೋ, ಮನೆಯೋ?"

"ವಾಹನ," ಎಂದರು ಹನುಮಂತಯ್ಯ.

"ವಾಹನ ಆದ್ರೆ ಇಲ್ಲಿ ಮೂರು ಗಂಟೆ ನಿಲ್ಲಿಸೋ ಹಾಗಿಲ್ಲ. ಸ್ಟಾರ್ಟ್ ಮಾಡಿ."

"ಮಾಡ್ತೀನಿ."

"ಮಾಡಿ."

ಅಕ್ಕಯ್ಯಮ್ಮ ಮೆಲ್ಲಗೆ, "ಸದ್ಯಕ್ಕೆ ಮನೆ ಅಂತ ಇಟ್ಕೊಳ್ಳಿ ಮೇಡಂ," ಎಂದರು.

"ಮನೆ ಆದ್ರೆ ಕಂದಾಯದ ರಸೀತಿ ತೋರ್ಸಿ."

ಸಾಲಿನಲ್ಲಿದ್ದವರು ಈಗ ಬಿಪಿಯ ವಿಷಯ ಮರೆತು ಹತ್ತಿರ ಬಂದರು. ಹನುಮಂತಯ್ಯ ಬಾನೆಟ್ಟಿನೊಳಗೆ ತಲೆ ಹಾಕಿದರು. ಒಳಗೆ ನೋಡುವಂಥದ್ದೇನೂ ಇರಲಿಲ್ಲ. ಎಂಜಿನ್ನು ಸರಿಯಾಗಿತ್ತು, ಬ್ಯಾಟರಿ ಸತ್ತಿತ್ತು. ಅದನ್ನು ಕೊಂದದ್ದು ಯಾರು ಎಂಬುದೂ ಅವರಿಗೆ ಗೊತ್ತಿತ್ತು. ತಳ್ಳಿಸೋಣವೆಂದರೆ ಸುತ್ತ ಇದ್ದವರೆಲ್ಲ ಅರವತ್ತು ದಾಟಿದವರು, ಅದರಲ್ಲಿ ಅರ್ಧ ಜನ ಬಿಪಿ ತೋರಿಸಲು ಬಂದವರು. ದುಂಡಪ್ಪನಿಗೆ ಫೋನು ಮಾಡಬಹುದಿತ್ತು. ಮಾಡಿದರೆ ಅವನು ಬರುತ್ತಾನೆ, ವೈರು ನೋಡುತ್ತಾನೆ, ಏನೂ ಅನ್ನುವುದಿಲ್ಲ. ಅವನು ಏನೂ ಅನ್ನದೆ ನಿಂತಿರುವುದನ್ನು ನೆನೆದೇ ಹನುಮಂತಯ್ಯನಿಗೆ ಬೆವರು ಬಂತು. ಬೆವರು ಒರೆಸಿಕೊಂಡು ಹೆಂಡತಿಯ ಹತ್ತಿರ ಬಂದರು. ಮದುವೆಯಾಗಿ ಮೂವತ್ತೆಂಟು ವರ್ಷವಾಗಿತ್ತು. ಗಾಡಿಯ ವಿಷಯದಲ್ಲಿ ಅವರು ಆಕೆಯನ್ನು ಏನಾದರೂ ಕೇಳಿದ್ದು ಅದೇ ಮೊದಲು.

"ಏನ್ ಮಾಡೋಣ ಕಣೇ?"

"ಅತ್ತಿಗೇನ ಎಬ್ಬಿಸ್ಬೇಕು," ಎಂದರು ಅಕ್ಕಯ್ಯಮ್ಮ.

"ಅಕ್ಕ ಎದ್ದು ಏನ್ ಮಾಡ್ತಾಳೆ?"

"ಅವರೇನೂ ಮಾಡೋದು ಬೇಡ. ಅವರ ಕೆಳಗೆ ಬ್ಯಾಟರಿ ಇದೆ. ಚಾರ್ಜ್ ಹಾಕಿಸಿ ಇಟ್ಟಿದೀನಿ."

ಹನುಮಂತಯ್ಯ ಆಕೆಯ ಮುಖ ನೋಡಿದರು. "ಗೊತ್ತಿದ್ದೂ ಮೊದಲೇ ಹೇಳೋದಲ್ವಾ?"

"ಕೇಳಿದ್ರೆ ಹೇಳ್ತಿದ್ದೆ."

ಬೋರಮ್ಮನನ್ನು ಎಬ್ಬಿಸುವುದು ಸುಲಭವಾಗಲಿಲ್ಲ. "ಈಗ ತಾನೇ ಕಣ್ಣು ಹತ್ತಿತ್ತು, ಎದ್ರೆ ನಂಗೆ ತಲೆ ನೋಯತ್ತೆ," ಎಂದು ಮಗ್ಗುಲು ಬದಲಾಯಿಸಿದರು. ಕೊನೆಗೆ ಗಿರಿಜಾದೇವಿಯವರೇ ಗಾಡಿ ಹತ್ತಿ, ಮೂವತ್ತು ವರ್ಷ ಮಕ್ಕಳನ್ನು ಎದ್ದು ನಿಲ್ಲಿಸಿದ ದನಿಯಲ್ಲಿ, "ಏಳಿ ಮೇಲೆ," ಎಂದರು. ಬೋರಮ್ಮ ಎದ್ದು ನಿಂತರು. ಯಾಕೆ ನಿಂತೆನೆಂದು ಅವರಿಗೇ ಗೊತ್ತಾಗಲಿಲ್ಲ.

ಹಲಗೆ ಎತ್ತಿ, ಇಬ್ಬರು ಹಿಡಿದು ಬ್ಯಾಟರಿಯನ್ನು ಮುಂದಕ್ಕೆ ತಂದರು. ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಹಾಕಲೆಂದು ದುಂಡಪ್ಪ ಕೊಟ್ಟಿದ್ದ ದಪ್ಪ ವೈರುಗಳನ್ನು ಅಕ್ಕಯ್ಯಮ್ಮ ಮಸಾಲೆ ಡಬ್ಬಗಳ ಹಿಂದಿನಿಂದ ತೆಗೆದುಕೊಟ್ಟರು. "ಮೊದಲು ಫ್ಯಾನು ಎಲ್ಲಾ ಆರ್ಸಿ. ಕೆಂಪಿಗೆ ಕೆಂಪು," ಎಂದರು. ಅದು ಹನುಮಂತಯ್ಯನಿಗೆ ಚೆನ್ನಾಗಿಯೇ ಗೊತ್ತಿತ್ತು, ಆದರೂ, "ಹೂಂ, ಕೆಂಪಿಗೆ ಕೆಂಪು," ಎಂದು ವಿಧೇಯವಾಗಿ ಹೇಳಿದರು. ಕೀಲಿ ತಿರುಗಿಸಿದಾಗ ಎಂಜಿನ್ನು ಒಮ್ಮೆ ಕೆಮ್ಮಿ ಹೊತ್ತಿಕೊಂಡಿತು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

"ಹಾಗಾದ್ರೆ ವಾಹನವೇ," ಎಂದರು ಗಿರಿಜಾದೇವಿ.

"ಈಗ ವಾಹನ," ಎಂದರು ಅಕ್ಕಯ್ಯಮ್ಮ. "ಒಳಗೆ ಬಂದು ನೋಡ್ಕೊಂಡು ಹೋಗಿ."

ಗಿರಿಜಾದೇವಿ ಹತ್ತು ನಿಮಿಷ ನೋಡಿದರು. ಒಲೆಯ ಕಟ್ಟೆಯ ಪಕ್ಕ ನಿಂತು ಎತ್ತರ ಅಳೆದರು. ಟ್ಯಾಂಕಿನ ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತೀರಿ ಎಂದು ಕೇಳಿದರು. ನಿನ್ನೆ ತಾನೇ ತೊಳೆದು ತುಂಬಿಸಿದ್ದು ಎಂದು ಅಕ್ಕಯ್ಯಮ್ಮ ಹೇಳಿದ ಮೇಲೆ ಒಂದು ಲೋಟ ಕಾಫಿ ಕುಡಿದರು. ಇಳಿಯುವಾಗ ಹನುಮಂತಯ್ಯನಿಗೆ, "ನೀವು ಅದೃಷ್ಟವಂತರು," ಎಂದರು. ಹನುಮಂತಯ್ಯ ಅದನ್ನು ಗಾಡಿಯ ಬಗ್ಗೆ ಹೇಳಿದ್ದೆಂದು ತಿಳಿದು, ಶಾಲೆಯವರಿಂದ ಸಸ್ತಾ ಸಿಕ್ಕಿತು ಎಂದು ವಿವರಿಸತೊಡಗಿದರು. ಆಕೆ ಕೊಡೆ ಬಿಚ್ಚಿಕೊಂಡು ಹೊರಟುಹೋದರು.

ಎಂಜಿನ್ನು ಓಡುತ್ತಲೇ ಇತ್ತು. ಹನುಮಂತಯ್ಯ ಸೀಟಿನಲ್ಲಿ ಕೂತರು. ಗೇರಿನ ಮೇಲೆ ಕೈಯಿಟ್ಟವರು ಹಾಗೇ ಹಿಂದಕ್ಕೆ ತಿರುಗಿ ಕೇಳಿದರು.

"ಏನೇನ್ ನೋಡ್ಬೇಕು ಹೊರಡೋಕ್ ಮುಂಚೆ?"

ಅಕ್ಕಯ್ಯಮ್ಮ ಒಂದೊಂದಾಗಿ ಹೇಳಿದರು. ಹನುಮಂತಯ್ಯ ಎದ್ದು ಬಂದು ಸಿಲಿಂಡರಿನ ತಲೆ ಮುಟ್ಟಿ ನೋಡಿದರು. ಬೀರುಗಳ ಚಿಲಕ ಹಾಕಿದರು. ತೆಂಗಿನಕಾಯಿಗಳನ್ನು ಗೋಣಿಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದರು. ಕಾಲಿಗೆ ತಾಗುತ್ತದೆ ಎಂದು ಬೋರಮ್ಮ ಬಾಯಿ ತೆರೆದರು, ಹಿಟ್ಟಿನ ಡಬ್ಬ ನೆನಪಾಗಿ ಮುಚ್ಚಿದರು.

ಚನ್ನಪಟ್ಟಣ ದಾಟಿದ ಮೇಲೆ ಒಂದು ಕೆರೆಯ ಏರಿಯ ಹತ್ತಿರ ನಿಲ್ಲಿಸಿದರು. ಇನ್ನೂ ಬಿಸಿಲಿತ್ತು. ಅಕ್ಕಯ್ಯಮ್ಮ ಉಪ್ಪಿಟ್ಟು ಮಾಡಿದರು. ಹನುಮಂತಯ್ಯ ಈರುಳ್ಳಿ ಹೆಚ್ಚಿಕೊಟ್ಟರು. ಹೋಳುಗಳು ದಪ್ಪ ದಪ್ಪ ಬಂದವು. ಆಕೆ ಅದನ್ನು ನೋಡಿಯೂ ಹಾಗೇ ಬಾಣಲೆಗೆ ಹಾಕಿದರು. ಗಾಡಿಯ ಮೆಟ್ಟಿಲ ಮೇಲೆ ಪಕ್ಕ ಪಕ್ಕ ಕೂತು ತಿಂದರು.

"ಇಷ್ಟೆಲ್ಲಾ ಕಲ್ತಿದೀಯ," ಎಂದರು ಹನುಮಂತಯ್ಯ. "ಓಡಿಸೋದನ್ನೂ ಕಲ್ತ್ಕೋ. ನಾನೇ ಹೇಳ್ಕೊಡ್ತೀನಿ."

ಅಕ್ಕಯ್ಯಮ್ಮ ತಟ್ಟೆಯ ಅಂಚಿನಲ್ಲಿದ್ದ ಒಂದು ದೊಡ್ಡ ಈರುಳ್ಳಿ ಹೋಳನ್ನು ಅವರ ತಟ್ಟೆಗೆ ಹಾಕಿದರು.

"ಬೇಡ ಬಿಡಿ," ಎಂದರು. "ಅದೊಂದಾದ್ರೂ ನಿಮಗಿರ್ಲಿ."