ಅರ್ಧ ಪ್ರಾಯಶ್ಚಿತ್ತ

ತಿಂಗಳ ಮೊದಲ ರವಿವಾರ ಹೈದರಾಬಾದಿನ ಪೇಟೆಯಾದ ಅಬಿಡ್ಸ್‌ಗೆ ಹೋಗುವುದೆಂದರೆ ಪ್ರಾಣೇಶರಾಯರ ಮನೆಯಲ್ಲಿ ಒಂದು ವ್ರತವಿದ್ದ ಹಾಗೆ. ಕಾಚಿಗುಡದ ಮನೆಯಿಂದ ಬಸ್ಸಿಗೆ ಹೊರಡುವ ಮೊದಲು ರಾಯರು ಕುಳಿತು ಚೀಟಿ ಬರೆಯುತ್ತಿದ್ದರು. ಸರಕಾರಿ ಆಫೀಸಿನಲ್ಲಿ ಬೇರೆಯವರ ಕಡತಗಳಲ್ಲಿ ತಪ್ಪು ಹುಡುಕುವುದೇ ಅವರ ಕೆಲಸ. ಚೀಟಿಯಲ್ಲಿ ಇಲ್ಲದ ವಸ್ತು ಅವರ ಪಾಲಿಗೆ ಲೋಕದಲ್ಲೇ ಇರಲಿಲ್ಲ. ಹೆಂಡತಿ ನಲಿನಿಗೆ ಕುಪ್ಪಸದ ಬಟ್ಟೆ, ತಾಯಿ ಯಮುನಾಬಾಯಿಗೆ ಬತ್ತಿ ಹೊಸೆಯಲು ಹತ್ತಿ, ಮಗಳು ದೀಪ್ತಿಗೆ ನೋಟುಬುಕ್ಕು. ದೀಪ್ತಿ ಆಸೆಪಟ್ಟ ಐಸ್‌ಕ್ರೀಮು ಮಾತ್ರ ಎಂದೂ ಆ ಚೀಟಿ ಹತ್ತಲಿಲ್ಲ. “ಮುಂದಿನ ಸಲ ನೋಡೋಣು,” ಎನ್ನುತ್ತಿದ್ದರು ರಾಯರು. ಅವರ ಮುಂದಿನ ಸಲಕ್ಕೆ ಎಂದೂ ರವಿವಾರ ಕೂಡಿ ಬರುತ್ತಿರಲಿಲ್ಲ.

ಆದರೂ ಆ ಹುಡುಗಿಗೆ ಅಬಿಡ್ಸ್ ಎಂದರೆ ಪ್ರಾಣ. ರವಿವಾರ ಬಾಗಿಲು ಮುಚ್ಚಿದ ದೊಡ್ಡ ಅಂಗಡಿಗಳ ಮುಂದೆ ಫುಟ್‌ಪಾತಿನ ತುಂಬ ಹಳೆಯ ಪುಸ್ತಕಗಳು ಹರಡಿಕೊಳ್ಳುತ್ತಿದ್ದವು. ಅಜ್ಜಿಯ ಸೆರಗು ಹಿಡಿದು ಅವುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆಯುವುದೇ ಅವಳಿಗೊಂದು ಆಟ. ಒಂದು ಮಳೆಗಾಲದ ರವಿವಾರ, ದೊಡ್ಡ ಪೋಸ್ಟಾಫೀಸಿನಿಂದ ಸ್ವಲ್ಪ ದೂರದಲ್ಲಿ, ತಾಡಪತ್ರಿಯ ಕೆಳಗೆ ಹಳೆಯ ವಾರಪತ್ರಿಕೆಗಳ ಅಟ್ಟಿಯ ಮೇಲೆ ಅಂಗೈಯಷ್ಟು ಬೆಕ್ಕಿನ ಮರಿಯೊಂದು ನಿದ್ದೆ ಹೋಗಿತ್ತು. ದೀಪ್ತಿಗೆ ಆಗ ಎಂಟು ವರ್ಷ. ಅವಳು ಬಗ್ಗಿ ಮುಟ್ಟಿದ ಕೂಡಲೇ ಅದು ಕಣ್ಣು ತೆರೆಯಿತು. ಆಡುವ ಗಾಜಿನ ಗೋಟಿಯಂಥ ಹಸಿರು ಕಣ್ಣು.

“ಲೇ ಜಾವ್ ಬೇಟಾ,” ಎಂದ ಪುಸ್ತಕದ ಸಾಹೇಬ. “ಕಿತಾಬಾಂ ಖರಾಬ್ ಕರ್ತಿ.” ಪುಸ್ತಕ ಕೆಡಿಸುವ ಮರಿಯನ್ನು ಒಯ್ದರೆ ಸಾಕಾಗಿತ್ತು ಅವನಿಗೆ.

ರಾಯರು ಆಗಲೇ ಬೇಡವೆನ್ನಲು ಬಾಯಿ ತೆರೆದಿದ್ದರು. ಚೀಟಿಯಲ್ಲಿ ಬೆಕ್ಕು ಎಲ್ಲಿತ್ತು? ಯಮುನಾಬಾಯಿಯೇ ನಡುವೆ ಬಂದರು.

“ಬೆಕ್ಕಿಗೆ ಮೈಲಿಗಿ ಇಲ್ಲೋ ಪ್ರಾಣೇಶಾ. ನಾಯಿ ಆಗಿದ್ದರ ನಾನೇ ಬ್ಯಾಡ ಅಂತಿದ್ದೆ. ಹಿತ್ತಲದಾಗ ಇಲಿ ಭಾಳ ಆಗ್ಯಾವ, ಇರಲಿ ಬಿಡು.”

ಹೀಗೆ ನೋಟುಬುಕ್ಕಿನ ಕೈಚೀಲದಲ್ಲಿ ಕುಳಿತು ಬಸ್ಸೇರಿ ಬಂದ ಬೆಕ್ಕಿಗೆ ಗೋಟಿ ಎಂದು ಹೆಸರಾಯಿತು. ಎರಡು ವರ್ಷ ಅದು ಆ ಮನೆಯಲ್ಲಿ ಇಲಿ ಹಿಡಿಯಿತೋ ಇಲ್ಲವೋ, ದೀಪ್ತಿಯ ಹಾಸಿಗೆಯಲ್ಲಿ ಕಾಲ ಬಳಿ ಮಲಗಿತು. ಶಾಲೆಯಿಂದ ಅವಳು ಬರುವ ಹೊತ್ತಿಗೆ ಕಂಪೌಂಡಿನ ಮೇಲೆ ಬಂದು ಕೂರುತ್ತಿತ್ತು. ಒಡಹುಟ್ಟಿದವರಿಲ್ಲದ ಹುಡುಗಿ ದಿನದ ವರದಿಯನ್ನೆಲ್ಲ ಅದಕ್ಕೆ ಒಪ್ಪಿಸುತ್ತಿದ್ದಳು. ಮನೆಯಲ್ಲಿ ಅವಳ ಮಾತನ್ನು ಪೂರಾ ಕೇಳುತ್ತಿದ್ದ ಜೀವ ಅದೊಂದೇ.

ಬೆಕ್ಕಿಗೆ ಮೈಲಿಗೆ ಇಲ್ಲ ನಿಜ. ಆದರೆ ಶ್ರಾದ್ಧದ ದಿನ ಅದಕ್ಕೂ ಸೆರೆವಾಸ. ಪಿತೃಗಳಿಗೆ ಇಟ್ಟಿದ್ದನ್ನು ಬೆಕ್ಕು ಮೂಸಿದರೆ ಎಲ್ಲ ಕೆಟ್ಟಿತಲ್ಲ. ಹಾಗಾಗಿ ಬೆಳಗ್ಗೆ ಅದನ್ನು ಹಿಡಿದು ಬುಟ್ಟಿಯ ಕೆಳಗೆ ಮುಚ್ಚಿ, ಮೇಲೊಂದು ಕಲ್ಲಿಟ್ಟು, ಬ್ರಾಹ್ಮಣರ ಊಟವಾದ ಮೇಲೆ ಬಿಡುವುದು ಅವರಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ಗೋಟಿ ಬೇರೆ ಯಾರ ಕೈಗೂ ಸಿಗುತ್ತಿರಲಿಲ್ಲವಾದ್ದರಿಂದ ಆ ಕೆಲಸ ದೀಪ್ತಿಯದಾಯಿತು. ಮೊದಲ ವರ್ಷ ಎಲ್ಲ ಸುಸೂತ್ರವಾಗಿ ಮುಗಿದು, ಗೋಟಿ ಮೈ ಝಾಡಿಸಿಕೊಂಡು ಎದ್ದು ಬಂದು ಅವಳ ತಾಟಿನ ಪಕ್ಕದಲ್ಲೇ ಕೂತಿತ್ತು.

ಅಷ್ಟರಲ್ಲಿ ಹೈದರಾಬಾದಿಗೆ ಹೊಸ ಹುಚ್ಚು ಹಿಡಿಯಿತು. ಮಾದಾಪುರದ ಬಂಡೆಗಳ ನಡುವೆ ಹೈಟೆಕ್ ಸಿಟಿ ಎದ್ದದ್ದೇ ತಡ, ಊರಿನ ಈ ತುದಿಯಲ್ಲೂ ಜನ ತಮ್ಮ ಅಂಗಳಗಳನ್ನು ಚದರ ಗಜಗಳಲ್ಲಿ ನೋಡತೊಡಗಿದರು. ಪೇರಲ ಗಿಡ, ಬಾವಿ, ತುಳಸಿಕಟ್ಟೆ ಇದ್ದ ರಾಯರ ಮನೆಯೂ ಒಬ್ಬ ಬಿಲ್ಡರನ ಕಣ್ಣಿಗೆ ಬಿತ್ತು. ಮನೆ ಕೆಡವಿ ಅಪಾರ್ಟ್‌ಮೆಂಟು ಕಟ್ಟುವುದು, ಎರಡು ಫ್ಲಾಟು ರಾಯರಿಗೆ ಬಿಡುವುದು ಎಂದು ಮಾತಾಯಿತು. ಮನೆ ಯಮುನಾಬಾಯಿಯ ಹೆಸರಿನಲ್ಲಿತ್ತು. ಕರಾರಿಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಕ್ಕ ದಿನ, ಬೇಕೆಂದೇ ಆರಿಸಿದಂತೆ, ವೈಶಾಖದಲ್ಲಿ ಬರುವ ಅಜ್ಜನ ಶ್ರಾದ್ಧದ ದಿನವೇ ಆಗಿತ್ತು.

“ಅವರ ತಿಥಿ ದಿನಾ ಅವರ ಮನೀನ ಬರದುಕೊಡೋದೇನೋ?” ಎಂದು ಯಮುನಾಬಾಯಿ ಕೇಳಿದರು.

“ಇದು ತಪ್ಪಿದರ ಮತ್ತ ತಿಂಗಳು ಕಾಯಬೇಕಂತ, ಅವ್ವಾ. ಊಟ ಮುಗದ ಮ್ಯಾಲೆ ಹೋಗೋದದ. ಶಾಸ್ತ್ರಕ್ಕ ಏನೂ ಕಡಿಮಿ ಮಾಡಂಗಿಲ್ಲ,” ಎಂದರು ರಾಯರು. ಶಾಸ್ತ್ರಕ್ಕೆ ಅವರು ಕಡಿಮೆ ಮಾಡಲಿಲ್ಲ, ಅದನ್ನು ಒಪ್ಪಬೇಕು.

ಆ ಬೆಳಗ್ಗೆ ದೀಪ್ತಿ ಬುಟ್ಟಿ ತರಲು ಹೋದರೆ ಅದರ ಅರ್ಧ ಗೆದ್ದಲಿನ ಪಾಲಾಗಿತ್ತು. ಮಡಿಯುಟ್ಟು ಓಡಾಡುತ್ತಿದ್ದ ರಾಯರು ದೂರದಿಂದಲೇ ಕೈ ತೋರಿಸಿದರು. “ಅರಿವಿ ನೆನಸೋ ತಗಡಿನ ಟಬ್ಬು ಅದಲ್ಲ, ಅದನ್ನ ಡಬ್ಬ ಹಾಕು. ಒಂದು ಕಡೆ ಇಟ್ಟಂಗಿ ಚೂರು ಇಡು, ಗಾಳಿ ಆಡತದ.” ದೀಪ್ತಿ ಪೇರಲ ಗಿಡದ ನೆರಳು ನೋಡಿ, ಗೋಟಿಯನ್ನು ಕೂರಿಸಿ, ಟಬ್ಬನ್ನು ಬೋರಲಾಗಿ ಮುಚ್ಚಿ, ಮೇಲೆ ರುಬ್ಬುವ ಗುಂಡು ಇಟ್ಟಳು. ಇಟ್ಟಿಗೆಯ ಸಂದಿನಿಂದ ಬಿಳಿಯ ಪಂಜವೊಂದು ಹೊರಗೆ ಬಂದು ಅವಳ ಬೆರಳು ಹುಡುಕಿತು. “ಊಟ ಆದಕೂಡಲೇ ಬರ್ತೀನಿ,” ಎಂದು ಅದಕ್ಕೆ ಮಾತು ಕೊಟ್ಟಳು.

ಊಟವೇನೋ ಆಯಿತು. ಶ್ರಾದ್ಧ ಮಾಡಿಸಿದ ನರಸಿಂಹಾಚಾರ್ಯರು ಎದ್ದು ಕೈ ತೊಳೆಯುವುದರೊಳಗೆ ಬಿಲ್ಡರನ ಮ್ಯಾನೇಜರ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿ, ಕಚೇರಿಯಲ್ಲಿ ಸರದಿಯ ಟೋಕನ್ ತಪ್ಪಿಹೋಗುತ್ತದೆಂದು ತೆಲುಗಿನಲ್ಲಿ ಅವಸರ ಮಾಡತೊಡಗಿದ. ದೀಪ್ತಿ ಹಿತ್ತಲಿಗೆ ಓಡಲು ಹೊರಟಳು. ಹೊರಟು ನಿಂತಿದ್ದ ಅಜ್ಜಿ, ಅವ್ವನ ಎದುರಿಗೇ ರಾಯರು ಅವಳ ರಟ್ಟೆ ಹಿಡಿದರು.

“ಅಪ್ಪಾ, ಗೋಟಿನ ಬಿಟ್ಟು ಬರ್ತೀನಿ.”

“ಈಗ ಬ್ಯಾಡ. ಪಿಂಡ ಇನ್ನೂ ಹಿತ್ತಲ ಕಟ್ಟಿಮ್ಯಾಲೆ ಅವ, ಸಂಜಿಗೆ ಆಕಳಿಗೆ ಹಾಕಬೇಕು. ಬೆಕ್ಕು ಬಾಯಿ ಹಾಕಿದರ ಎಲ್ಲಾ ಕೆಟ್ಟಹೋಗತದ. ಬಂದ ಮ್ಯಾಲೆ ಬಿಟ್ಟರಾತು.”

ಕಾರಿನಲ್ಲಿ ಅಜ್ಜಿ ಮತ್ತು ಅವ್ವನ ನಡುವೆ ಕೂತು ಅವಳು ಮತ್ತೊಮ್ಮೆ ಹೇಳಿದಳು. “ಅಪ್ಪಾ, ನೆರಳು ಸರದಿರತದ. ಅಲ್ಲೀಗ ಬಿಸಲು ಬಂದಿರತದ.” ರಾಯರು ಮುಂದಿನ ಸೀಟಿನಲ್ಲಿ ಕಾಗದ ಓದುತ್ತಿದ್ದರು. ನಲಿನಿ ಮಗಳ ಮೊಣಕಾಲು ಒತ್ತಿ ಸುಮ್ಮನಿರಿಸಿದಳು.

ಮೂರನೆಯ ಸಲ ಹೇಳಿದ್ದು ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅವ್ವನ ಪಕ್ಕದಲ್ಲಿ, ನಾಲ್ಕು ಗಂಟೆಗೆ, ಅಳುತ್ತ. “ಅದಕ್ಕ ನೀರೂ ಇಟ್ಟಿಲ್ಲಪ್ಪಾ.” ಆಗ ರಾಯರು ಸಿಟ್ಟಾದರು. “ಬೆಕ್ಕು ಬೆಕ್ಕು ಅಂತ ಎಷ್ಟು ಸಲ? ಮನೀದು ಹಣೇಬರಾ ಬರೀಲಿಕ್ಕತ್ತದ ಇಲ್ಲೆ. ಒಂದು ದಿವಸಕ್ಕ ಏನೂ ಆಗಂಗಿಲ್ಲ. ಸುಮ್ಮನ ಕೂಡು.”

ಸಹಿಯಾದ ಮೇಲೆ ಮ್ಯಾನೇಜರ, ಇದೇ ಕಾರಿನಲ್ಲಿ ಮಾದಾಪುರದ ಹತ್ತಿರದ ತಮ್ಮ ಮಾದರಿ ಫ್ಲಾಟನ್ನೂ ತೋರಿಸಿಕೊಂಡು ಬರುತ್ತೇನೆಂದ. ರಾಯರಿಗೆ ಬೇಡವೆನ್ನಲು ಮನಸ್ಸಾಗಲಿಲ್ಲ. ಅಲ್ಲಿ ಅವರು ನೆಲದ ಹೊಳಪಿಗೆ ಬೆರಗಾದರು, ನಳ ತಿರುಗಿಸಿ ನೋಡಿದರು, ಕಿಟಕಿ ತೆರೆದು ಮುಚ್ಚಿದರು. ದೀಪ್ತಿ ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತಿದ್ದಳು. ಮನೆ ಮುಟ್ಟಿದಾಗ ಏಳು ಗಂಟೆ ಹೊಡೆದಿತ್ತು.

ಗುಂಡು ಸರಿಸಿ ಟಬ್ಬು ಎತ್ತಿದವಳು ಅವಳೇ. ತಗಡು ಆಗಲೂ ಬಿಸಿಯಾಗಿತ್ತು. ಗೋಟಿ ಇಟ್ಟಿಗೆಯ ಸಂದಿಗೆ ಮೂತಿ ಒತ್ತಿಕೊಂಡು ಸತ್ತು ಬಿದ್ದಿತ್ತು. ಆ ಸಂದಿನ ನೆಲವನ್ನು ಉಗುರಿನಿಂದ ಗೇಣಗಲ ಕೆರೆದಿತ್ತು.

ಹುಡುಗಿ ಕಿರುಚಲಿಲ್ಲ. ಕಿರುಚಿದವರು ಯಮುನಾಬಾಯಿ. ಬೆಕ್ಕಿಗಾಗಿ ಅಲ್ಲ. “ಮಾರ್ಜಾಲ ಹತ್ಯಾ! ಅದೂ ಇಂಥಾ ದಿನಾ! ಏಳು ಜನ್ಮಕ್ಕ ಬಿಡಂಗಿಲ್ಲಲ್ಲೋ!” ಎಂದು ಅವರು ತಲೆ ಮೇಲೆ ಕೈ ಹೊತ್ತು ಕುಳಿತರು. ಬೆಕ್ಕು ಕೊಂದವರು ಬಂಗಾರದ ಬೆಕ್ಕು ದಾನ ಕೊಡದೆ ಆ ಪಾಪ ತೊಳೆಯುವುದಿಲ್ಲವೆಂಬುದು ಅವರ ಕಡೆ ಕೂಸಿಗೂ ಗೊತ್ತಿದ್ದ ಮಾತು.

ಮರುದಿನ ನರಸಿಂಹಾಚಾರ್ಯರು ಬಂದು ಪಡಸಾಲೆಯಲ್ಲಿ ಕುಳಿತರು. ಪಂಚಾಂಗ ಬಿಚ್ಚುತ್ತ ಅವರು ಕೇಳಿದ್ದು ಒಂದೇ ಪ್ರಶ್ನೆ. “ಯಾರ ಕೈಲೆ ಆತು?”

ಕಂಬಕ್ಕೆ ಒರಗಿ ನಿಂತಿದ್ದ ದೀಪ್ತಿ ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಅಪ್ಪ ಈಗ ಹೇಳುತ್ತಾರೆ, ಇಕೀ ಮೂರು ಸಲ ಹೇಳಿದ್ಲು, ನಾನೇ ಕೇಳಲಿಲ್ಲ ಎನ್ನುತ್ತಾರೆ ಎಂದು ನಂಬಿ ನಿಂತಿದ್ದಳು.

“ಟಬ್ಬು ಮುಚ್ಚಿದಾಕಿ ದೀಪ್ತಿ,” ಎಂದರು ರಾಯರು.

“ವಯಸ್ಸೆಷ್ಟು?”

“ಹತ್ತು.”

“ಹಂಗಾರ ಛಲೋ ಆತು,” ಎಂದು ಆಚಾರ್ಯರು ಪಂಚಾಂಗ ಮುಚ್ಚಿದರು. “ದೊಡ್ಡವರ ಕೈಲೆ ಆಗಿದ್ದರ ಪೂರ್ಣ ಪ್ರಾಯಶ್ಚಿತ್ತ ಇತ್ತು, ಭಾಳ ತ್ರಾಸು. ಸಣ್ಣ ಕೂಸಿಗೆ ಅರ್ಧ ಸಾಕು. ದಾನದ ಬಂಗಾರದ ಬೆಕ್ಕು ಸಣ್ಣದಿದ್ದರೂ ನಡೀತದ.”

ಅಡುಗೆಮನೆಯ ಬಾಗಿಲಲ್ಲಿದ್ದ ನಲಿನಿ, “ಅಲ್ರೀ, ಆಕಿ ಪಾಪ...” ಎಂದು ಏನೋ ಹೇಳಲು ಹೋದಳು. ರಾಯರು ಆಕೆಯ ಕಡೆ ಒಮ್ಮೆ ನೋಡಿದರು. ನಲಿನಿ ಒಳಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದಳು.

ನಾಲ್ಕು ದಿನ ಬಿಟ್ಟು ದಾನದ ಬೆಕ್ಕು ಕೊಳ್ಳಲು ಅಪ್ಪ ಮಗಳು ಅಬಿಡ್ಸ್‌ಗೆ ಹೋದರು. ಅಂದು ಸೋಮವಾರ. ಚೀಟಿ ಇರಲಿಲ್ಲ. ಚಿನಿವಾರರ ಅಂಗಡಿಯ ಸೇಠ ಕಪಾಟಿನ ತಳದಿಂದ ಒಂದು ಡಬ್ಬಿ ತೆಗೆದು ಗಾಜಿನ ಮೇಲೆ ಸುರಿದ. ಬೆರಳುಗಾತ್ರದ ಹಾವು, ಹಲ್ಲಿ, ಆಮೆ, ಬೆಕ್ಕು. ಊರಿನವರ ಪಾಪಗಳನ್ನೆಲ್ಲ ಅವನು ಸಿದ್ಧ ಮಾಡಿಸಿಯೇ ಇಟ್ಟಿದ್ದ. ರಾಯರು ಬೆಳ್ಳಿಯ ಮೇಲೆ ಬಂಗಾರದ ನೀರು ಕೊಟ್ಟಿದ್ದೊಂದನ್ನು ಆರಿಸಿದರು. ಅದಕ್ಕೆ ಬೆಕ್ಕಿನ ಹೋಲಿಕೆಯೂ ಇರಲಿಲ್ಲ, ಹಂದಿಮರಿಗೆ ಬಾಲ ಹಚ್ಚಿದಂತಿತ್ತು. ಕಣ್ಣಿನ ಜಾಗದಲ್ಲಿ ಎರಡು ಚುಕ್ಕೆ.

ಹೊರಗೆ ಬಂದು ಅವರು ಮಗಳಿಗೆ ಐಸ್‌ಕ್ರೀಮು ಕೊಡಿಸಿದರು. ಕೇಳದೆಯೇ, ದೊಡ್ಡ ಕಪ್ಪಿನಲ್ಲಿ. ದೀಪ್ತಿ ಅದನ್ನು ತಿಂದಳು. ತಳ ಕೆರೆದು ತಿಂದಳು. ಆ ಹೊತ್ತಿನಲ್ಲಿ ಅದು ರುಚಿಯಾಗಿಯೇ ಇತ್ತು. ಆ ರುಚಿಗಾಗಿ ಅವಳು ತನ್ನನ್ನು ಎಷ್ಟೋ ವರ್ಷ ಕ್ಷಮಿಸಿಕೊಳ್ಳಲಿಲ್ಲ.

ದಾನದ ದಿನ ಅವಳ ಕೈಗೆ ನೀರು ಬಿಟ್ಟು, ಆಚಾರ್ಯರು ಸಂಸ್ಕೃತದಲ್ಲಿ ಹೇಳಿದ್ದನ್ನು ರಾಯರು ಪಕ್ಕದಲ್ಲಿ ಕೂತು ಕನ್ನಡ ಮಾಡಿ ಹೇಳಿಕೊಟ್ಟರು. “ನನ್ನ ಕೈಲೆ ಸತ್ತ ಬೆಕ್ಕಿನ ಪಾಪ ಹೋಗಲಿ ಅನ್ನು.” ಅವಳು ಅಂದಳು. “ಇನ್ನೊಮ್ಮೆ ಅನ್ನು.” ಇನ್ನೊಮ್ಮೆ ಅಂದಳು. ಆಚಾರ್ಯರು ಬೆಕ್ಕನ್ನು ಪಂಚೆಯ ಗಂಟಿಗೆ ಸಿಕ್ಕಿಸಿಕೊಂಡರು. ರಾಯರ ಮುಖ ತಿಳಿಯಾಯಿತು. ಅವರು ಅಂದು ಹಬ್ಬದಂತೆ ಉಂಡರು.

ಅಂದಿನಿಂದ ದೀಪ್ತಿ ಕಾಯತೊಡಗಿದಳು. ಅವಳಿಗೆ ಬೇಕಾಗಿದ್ದದ್ದು ಭಾರೀ ಏನಲ್ಲ. ಅಪ್ಪ ಎಂದಾದರೊಮ್ಮೆ, ಯಾರೂ ಇಲ್ಲದಾಗಲೇ ಆಗಲಿ, ನೀ ಹೇಳಿದ್ದೆ ಎನ್ನಬೇಕು. ಹಳೆಯ ಮನೆ ಬಿತ್ತು, ಐದಂತಸ್ತು ಎದ್ದಿತು, ಮೂರನೆಯ ಮಹಡಿಯ ಫ್ಲಾಟಿಗೆ ಸಂಸಾರ ಏರಿತು. ಅಜ್ಜಿ ತೀರಿಕೊಂಡರು. ಅವಳು ಡಿಗ್ರಿ ಮುಗಿಸಿದಳು. ಅಪ್ಪ ಆ ಮಾತು ಆಡಲಿಲ್ಲ. ಬಾಯಿಬಿಟ್ಟು ಕೇಳಲು ಅವಳಿಗೂ ಆಗಲಿಲ್ಲ. ಕೇಳಿ ಹೇಳಿಸಿದ ಮಾತಿಗೆ ಬೆಲೆಯಿಲ್ಲವೆಂದು ಅವಳ ಹಟ.

ಕೊನೆಗೆ ಆ ಪ್ರಸ್ತಾಪ ತಾನಾಗಿಯೇ ಬಂತು. ಸಿಕಂದರಾಬಾದಿನಿಂದ ಹೆಣ್ಣು ನೋಡಲು ಬಂದಿದ್ದರು. ಹುಡುಗ ಅಮೋಲ್, ಹೈಟೆಕ್ ಸಿಟಿಯಲ್ಲಿ ಕೆಲಸ, ಸಂಕೋಚದವನು. ಮಾತಿಗೆ ಏನೂ ಸಿಗದೆ, ತಮ್ಮ ಮನೆಯಲ್ಲಿ ಎರಡು ಬೆಕ್ಕು ಇವೆ, ನಿಮಗೆ ಅಡ್ಡಿಯಿಲ್ಲ ತಾನೆ ಎಂದು ಅವಳನ್ನು ಕೇಳಿದ. ಅವಳು ಉತ್ತರ ಕೊಡುವ ಮೊದಲೇ ರಾಯರು ನಕ್ಕರು.

“ಬೆಕ್ಕಿನ ಜ್ವಾಕಿ ಮಾಡ್ರಿ ಮತ್ತ. ನಮ್ಮ ದೀಪ್ತಿ ಸಣ್ಣಾಕಿದ್ದಾಗ ಒಂದು ಬೆಕ್ಕು ಕೊಂದಾಳ. ಟಬ್ಬಿನ ಕೆಳಗ ಮುಚ್ಚಿ ಮರತುಬಿಟ್ಟಿದ್ಲು.”

ಎಲ್ಲರೂ ನಕ್ಕರು. ದೀಪ್ತಿ ಕೈಯಲ್ಲಿದ್ದ ಚಹಾದ ತಾಟನ್ನು ಟೀಪಾಯಿಯ ಮೇಲೆ ಇಟ್ಟಳು.

“ನಾ ಮರತಿದ್ದಿಲ್ಲಪ್ಪಾ. ಮೂರು ಸಲ ಹೇಳಿದ್ದೆ. ಮನ್ಯಾಗ ಒಮ್ಮೆ, ಕಾರಿನಾಗ ಒಮ್ಮೆ, ಕಚೇರಿಯಾಗ ಒಮ್ಮೆ. ನೀವ ಬ್ಯಾಡ ಅಂದಿದ್ದಿರಿ.”

ನಗು ನಿಂತಿತು. ರಾಯರು ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ನಿಜಕ್ಕೂ ನೀರಿತ್ತು.

“ಹುಚ್ಚಿ, ಇನ್ನೂ ಅದನ್ನ ಮನಸ್ಸಿನಾಗ ಇಟಗೊಂಡೀಯೇನು? ಸಣ್ಣ ಕೂಸಿದ್ದಿ, ಮರತಿ. ನಾ ಎಂದಾದರೂ ನಿನಗ ಒಂದು ಮಾತು ಅಂದೀನೇನು? ಆವತ್ತೇ ಕ್ಷಮಾ ಮಾಡೀನಲ್ಲ ನಿನ್ನ.”

ದೀಪ್ತಿ ಆ ಮುಖವನ್ನು ಚೆನ್ನಾಗಿ ನೋಡಿದಳು. ಸುಳ್ಳಿನ ಎಳೆಯೊಂದು ಸಿಕ್ಕಿದ್ದರೆ ಹಿಡಿದು ಜಗ್ಗಬಹುದಿತ್ತು. ಅಲ್ಲಿ ಅದು ಇರಲಿಲ್ಲ. ಹತ್ತು ವರ್ಷದಿಂದ ಅವಳು ಕಾಯುತ್ತಿದ್ದ ಮಾತು ಆ ಮನುಷ್ಯನ ಒಳಗೆ ಯಾವಾಗಲೋ ಇಲ್ಲವಾಗಿತ್ತು.

ಅವಳು ತಾಯಿಯ ಕಡೆ ತಿರುಗಿದಳು. ಆ ಮೂರೂ ಮಾತನ್ನು ಕಿವಿಯಾರೆ ಕೇಳಿದವರಲ್ಲಿ, ಅಪ್ಪನನ್ನು ಬಿಟ್ಟರೆ, ಇನ್ನು ಉಳಿದವಳು ತಾಯಿಯೊಬ್ಬಳೇ. ಬಂದವರೂ ಈಗ ನಲಿನಿಯ ಕಡೆಗೇ ನೋಡುತ್ತಿದ್ದರು.

ನಲಿನಿ ಸೆರಗು ಸರಿಮಾಡಿಕೊಂಡಳು. “ಚಹಾ ಆರಲಿಕ್ಕತ್ತದ,” ಎಂದಳು, “ತಗೋರಿ.”