ಎರಡು ಜೊತೆ ಚಪ್ಪಲಿಯ ಮನೆ

ಡ್ರಾಯಿಂಗ್ ಮೇಷ್ಟ್ರಿಗೆ ತಮ್ಮ ಮನೆಯನ್ನೇ ಟಿಕೆಟ್ ತೆಗೆದುಕೊಂಡು ನೋಡುವ ಯೋಗ ಬಂದಿತ್ತು. ಆ ಮನೆಯಲ್ಲಿ ಜೊತೆಗಿದ್ದ ನಾಟಕಕಾರರು ತೀರಿಕೊಂಡ ಮೇಲೆ ಅವರ ಅಣ್ಣನ ಮಗ ಬಂದು, ಮೇಷ್ಟ್ರನ್ನು ಆಚೆ ಕಳಿಸಿ, ಗೇಟಿಗೆ 'ಸ್ಮಾರಕ ಭವನ' ಎಂಬ ಬೋರ್ಡು ತಗುಲಿಸಿ, ತಾನೇ ಅಧ್ಯಕ್ಷನಾಗಿ ಕೂತಿದ್ದ. ಪುಣ್ಯಾತ್ಮ!

ಆದರೆ ಅವನಿಗೊಂದು ಪೇಚು. ಇಬ್ಬರು ಬಾಳಿದ ಮನೆಯಲ್ಲಿ ಒಬ್ಬರೇ ಇದ್ದರು ಅಂತ ತೋರಿಸುವುದು ಹೇಗೆ? ಚೀಟಿ ಬರೆಸಿ ಅಂಟಿಸಿದ. ದೊಡ್ಡ ಚಪ್ಪಲಿ ನಾಟಕಕಾರರ 'ಬೆಳಗಿನ ಪಾದರಕ್ಷೆ'. ಚಿಕ್ಕದು 'ಸಂಜೆಯ ಪಾದರಕ್ಷೆ'. ಒಂದು ಕನ್ನಡಕ ಓದಲಿಕ್ಕೆ, ಇನ್ನೊಂದು ಬರೆಯಲಿಕ್ಕೆ. ಮೇಷ್ಟ್ರ ಹಳೇ ಹಲ್ಲಿನ ಸೆಟ್ಟು ಕೂಡ ಗಾಜಿನ ಪೆಟ್ಟಿಗೆ ಸೇರಿ ನಾಟಕಕಾರರದಾಗಿತ್ತು. ಆ ಮನುಷ್ಯನೋ, ಒಂದು ಹಲ್ಲೂ ಅಲ್ಲಾಡದೆ ಸತ್ತವನು! ಅದನ್ನು ಕಂಡಾಗಲೆಲ್ಲ ಮೇಷ್ಟ್ರಿಗೆ ಮೈ ಉರಿಯುತ್ತಿತ್ತು. ಆದರೂ ಹೋಗುತ್ತಿದ್ದರು. ಹಗ್ಗದ ಈಚೆ ನಿಂತು ತಮ್ಮ ಕುರ್ಚಿ, ತಮ್ಮ ಮಂಚ ನೋಡಿಕೊಂಡು ಬಾಡಿಗೆ ಕೋಣೆಗೆ ಮರಳುತ್ತಿದ್ದರು. ಸಾಯುವ ಮುಂಚೆ ಈ ಮನೆಗೆ ವಾಪಸ್ ಬರಬೇಕು ಅನ್ನುವುದೊಂದೇ ಅವರ ಆಸೆ.

ನೋಡಲು ಬರುವವರು ಕಡಿಮೆಯಾದಾಗ ಅಧ್ಯಕ್ಷ ಒಬ್ಬ ಕಲಾವಿದೆಯನ್ನು ಕರೆಸಿದ. ಮನೆಯೊಳಗೆ ಏನಾದರೂ ಹೊಸದು ಮಾಡಿಕೊಡಿ, ಜನ ಸೇರಲಿ ಅಂದ. ಅವಳು ತನ್ನ ಹೆಂಡತಿಯ ಜೊತೆಗೇ ಬಂದಳು. ಅಧ್ಯಕ್ಷ ಆ ಹೆಂಡತಿಯನ್ನು ಸಹಾಯಕಿ ಅಂದುಕೊಂಡು ಕಾಫಿ ತರಲು ಕಳಿಸಿದ.

ಅವತ್ತು ಕಲಾವಿದೆ ಕೋಣೆಯ ಅಳತೆ ತೆಗೆಯುತ್ತಿದ್ದಾಗ ಮೇಷ್ಟ್ರು ಹಗ್ಗದಡಿ ನುಸುಳಿ ಚಿಕ್ಕ ಚಪ್ಪಲಿಗೆ ಕಾಲು ತೂರಿಸಿಬಿಟ್ಟಿದ್ದರು.

"ತಾತಾ, ಮುಟ್ಟಬಾರ್ದು ಅಂತ ಬರ್ದಿದೆಯಲ್ಲ."

"ನನ್ನ ಚಪ್ಪಲಿಗೆ ನನ್ನ ಕಾಲು ಹಾಕೋಕೆ ಯಾರ ಅಪ್ಪಣೆ ಬೇಕಮ್ಮಾ?"

ಕಲಾವಿದೆ ಕಾಲು ನೋಡಿದಳು, ಚೀಟಿ ನೋಡಿದಳು. "ಲೇ, ಬೇಗ ಬಾರೇ," ಎಂದು ಹೆಂಡತಿಯನ್ನು ಕೂಗಿದಳು. "ಸಂಜೆಯ ಪಾದರಕ್ಷೆಯವರು ಸಿಕ್ಕಿಬಿಟ್ರು!"

ಇಷ್ಟು ವರ್ಷ ಯಾರೂ ಏನೂ ಕೇಳಿರಲಿಲ್ಲ. ಇವರಿಬ್ಬರು ಕೇಳಿದ್ದೇ ತಡ, ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದರು. ನಾಟಕಕಾರರ ಗೊರಕೆಯನ್ನೂ ಬಿಡಲಿಲ್ಲ.

ಉದ್ಘಾಟನೆಯ ದಿನ ಅಧ್ಯಕ್ಷ ಪತ್ರಿಕೆಯವರ ಮುಂದೆ ಪರದೆ ಸರಿಸಿದ. ಒಳಗೆ ಮೇಷ್ಟ್ರು ತಮ್ಮ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮಣಿಕಟ್ಟಿನಲ್ಲಿ ಸಂಗ್ರಹಾಲಯದ ನಂಬರಿನ ಬಿಲ್ಲೆ.

ಅಧ್ಯಕ್ಷನ ಮುಖ ಕೆಂಪಗಾಯಿತು. "ಏನ್ರೀ ಇದು ಆಟ? ಇವರನ್ನ ಆಚೆ ಕಳ್ಸಿ!"

"ಆಗಲ್ಲ ಸಾರ್," ಅಂದಳು ಕಲಾವಿದೆ. "ಇವರೇ ನನ್ನ ಕಲಾಕೃತಿ. ಅದನ್ನ ಕಾಯಂ ಸಂಗ್ರಹಕ್ಕೆ ತಗೊಂಡಿದ್ದೀವಿ ಅಂತ ನೀವೇ ಸಹಿ ಹಾಕಿದ್ದೀರಿ. ಸಂಗ್ರಹದ ಒಂದು ಚಮಚಾನೂ ಹೊಸ್ತಿಲು ದಾಟಬಾರದು ಅನ್ನೋ ನಿಯಮಾನೂ ನಿಮ್ಮದೇ."

ಪತ್ರಿಕೆಯವರು ನಕ್ಕರು. ಅಧ್ಯಕ್ಷ ಬೆವರು ಒರೆಸಿಕೊಂಡು ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿದ. "ಆಯ್ತು, ಇರಿ. ಚೀಟಿಯಲ್ಲಿ 'ಸ್ನೇಹಿತ' ಅಂತ ಹಾಕಿಸ್ತೀನಿ. ಸಾಕಲ್ವಾ?"

ಹೂಂ ಅಂದಿದ್ದರೆ ಮನೆ ಸಿಕ್ಕಿಬಿಡುತ್ತಿತ್ತು. ಮೇಷ್ಟ್ರು ಮಂಚದ ಕಡೆ ಒಮ್ಮೆ ನೋಡಿ, ಕೈಯ ಬಿಲ್ಲೆ ಬಿಚ್ಚಿ ಅವನ ಮುಂದೆ ಹಿಡಿದರು.

"ಸ್ನೇಹಿತರು ಅವನಿಗೆ ಊರ ತುಂಬ ಇದ್ರು ಕಣೋ. ಸಂಸಾರ ಮಾಡಿದ್ದು ನಾನು. ಹಾಗೇ ಬರೆಸೋದಾದ್ರೆ ಇರ್ತೀನಿ. ಇಲ್ಲಾಂದ್ರೆ ಈಗಲೇ ಎದ್ದು ಹೋಗ್ತೀನಿ."

ಹೇಳಿದವರೇ ಎದ್ದೂ ಬಿಟ್ಟರು. ಮಂಡಿ ಹಿಡಿದುಕೊಂಡು ತೂರಾಡಿದರು. ಅಧ್ಯಕ್ಷ ಥಟ್ಟನೆ ಎರಡೂ ಕೈಯಲ್ಲಿ ಅವರನ್ನು ಹಿಡಿದುಕೊಂಡ. ಚಡ್ಡಿ ಹಾಕುವ ಕಾಲದಲ್ಲಿ ರಜೆಗೆ ಬಂದು ಇದೇ ತೊಡೆಯ ಮೇಲೆ ಕೂತು ಆನೆ ಬರೆಯಲು ಕಲಿತವನು. ಬಾಯಿಂದ ಮಾತು ಜಾರಿಯೇ ಹೋಯಿತು.

"ಜೋಪಾನ ಚಿಕ್ಕಪ್ಪಾ! ಕೂತ್ಕೊಳ್ಳಿ ಮೊದಲು."

ಪತ್ರಿಕೆಯವರೆಲ್ಲ ಅವನತ್ತ ತಿರುಗಿದರು. ಅವನು ಸುತ್ತ ನೋಡಿದ, ಮೇಷ್ಟ್ರನ್ನು ನೋಡಿದ, ಹಿಡಿದ ಕೈ ಮಾತ್ರ ಬಿಡಲಿಲ್ಲ. "ಚಿಕ್ಕಪ್ಪ," ಎಂದ ಇನ್ನೊಮ್ಮೆ, ಈ ಸಲ ಮೆಲ್ಲಗೆ. "ನೀವು ಹೇಳಿದ ಹಾಗೇ ಬರೆಸ್ತೀನಿ."

ಮೇಷ್ಟ್ರು ಗಳಗಳ ಅತ್ತರು. ಆಮೇಲೆ ಮೂಗು ಒರೆಸಿಕೊಂಡರು.

"ಹಾಗಾದ್ರೆ ಬಂದೋರನ್ನೆಲ್ಲ ಕಳಿಸಪ್ಪಾ. ನಾನು ಸ್ವಲ್ಪ ಮಲಗ್ಬೇಕು."