ವೈರ್‌ಲೆಸ್‌ನ ಎದೆನೋವು

ನನಗೆ ಯಾರನ್ನೂ ಸುಲಭಕ್ಕೆ ನಂಬುವ ಅಭ್ಯಾಸವಿಲ್ಲ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದವರಿಗೆ ಅನುಮಾನ ಸ್ಟೆತಸ್ಕೋಪಿನ ಜೊತೆಗೇ ಕೊರಳಿಗೆ ಬೀಳುತ್ತದೆ. "ನಂಗೆ ಜ್ವರ ಬಂದ್ರೆ ಇಬ್ಬರು ಸಾಕ್ಷಿಗಳನ್ನ ಕರ್ಕೊಂಡು ಬರ್ಬೇಕು" ಎಂದು ನನ್ನ ಗಂಡ ಮನೆಗೆ ಬಂದ ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಾನೆ. ಅವನ ಜ್ವರವೂ ಅಷ್ಟಕ್ಕಷ್ಟೇ.

ಈಗ ನಾನು ನಡೆಸುತ್ತಿರುವುದು ಮಾಜಿ ಸೈನಿಕರಿಗಾಗಿ ಇರುವ ದೂರಚಿಕಿತ್ಸೆಯ ತುರ್ತು ಕೇಂದ್ರ. ಕೇಂದ್ರ ಅಂದರೆ ಹಳೆಯ ಗೋದಾಮೊಂದರ ಮಹಡಿ. ಸಾಲಾಗಿ ಮೇಜು, ಮೇಜಿನ ಮೇಲೆ ಪರದೆ, ಪರದೆಯ ಮುಂದೆ ಹೆಡ್‌ಫೋನ್ ಹಾಕಿಕೊಂಡ ವೈದ್ಯರು, ನರ್ಸುಗಳು. ಆಸ್ಪತ್ರೆಗೆ ದೂರವಾದ ಊರುಗಳಲ್ಲಿ ಇರುವ ಸೈನಿಕರಿಗೆ ಒಂದೊಂದು ಪೆಟ್ಟಿಗೆ ಕೊಟ್ಟಿದ್ದೇವೆ. ಅದರಲ್ಲೊಂದು ಟ್ಯಾಬ್, ಬೆರಳಿಗೆ ಸಿಕ್ಕಿಸುವ ಕ್ಲಿಪ್, ಎದೆಗೆ ಅಂಟಿಸುವ ಪಟ್ಟಿ. ಮೈಗೆ ಏನಾದರೂ ಆದರೆ ಪೆಟ್ಟಿಗೆ ತೆರೆದು ಗುಂಡಿ ಒತ್ತಬೇಕು. ಅವರ ಮುಖ, ನಾಡಿ, ಹೃದಯದ ಗೆರೆ ಎಲ್ಲ ನಮ್ಮ ಪರದೆಗೆ ಬರುತ್ತವೆ. ಮಾತ್ರೆ ಸಾಕೋ, ಆಂಬುಲೆನ್ಸ್ ಬೇಕೋ ಎಂದು ನಾವು ತೀರ್ಮಾನಿಸುತ್ತೇವೆ. ಆಂಬುಲೆನ್ಸುಗಳು ಬೆರಳೆಣಿಕೆಯಷ್ಟು. ಒಬ್ಬರ ಮನೆಗೆ ಸುಮ್ಮನೆ ಹೋದರೆ ಇನ್ನೊಬ್ಬರು ಕಾಯಬೇಕು.

ಸೈನಿಕರೂ ಸುಳ್ಳು ಹೇಳುತ್ತಾರೆ, ಆದರೆ ಒಂದೇ ದಿಕ್ಕಿನಲ್ಲಿ. ಕಾಲು ಮುರಿದಿದ್ದರೆ ಸ್ವಲ್ಪ ಉಳುಕಿದೆ ಅನ್ನುತ್ತಾರೆ. ರಕ್ತ ಕಾರುತ್ತಿದ್ದರೆ ಬೆಳಗಿನಿಂದ ಸ್ವಲ್ಪ ಸುಸ್ತು ಅನ್ನುತ್ತಾರೆ. ಇದ್ದದ್ದನ್ನು ಇಳಿಸಿ ಹೇಳುವ ಈ ಜನರ ನಡುವೆ ಇಲ್ಲದ್ದನ್ನು ಏರಿಸಿ ಹೇಳುವವನೆಂದು ನನ್ನ ಕಣ್ಣಿಗೆ ಬಿದ್ದವನು ಒಬ್ಬನೇ, ನಾವು ವೈರ್‌ಲೆಸ್ ಎಂದು ಕರೆಯುತ್ತಿದ್ದವನು. ಸೈನ್ಯದಲ್ಲಿ ಅವನು ವೈರ್‌ಲೆಸ್ ಆಪರೇಟರ್, ಕೆಲಸ ಒಬ್ಬರು ಹೇಳಿದ ಸಂದೇಶವನ್ನು ಒಂದಕ್ಷರ ಬಿಡದೆ ಇನ್ನೊಬ್ಬರಿಗೆ ದಾಟಿಸುವುದು. ಈಗಲೂ ಮಾತಿನ ಕೊನೆಗೆ, ನನ್ನದು ಮುಗಿಯಿತು ನಿಮ್ಮದು ಹೇಳಿ ಎಂಬರ್ಥದ 'ಓವರ್' ಅನ್ನದಿದ್ದರೆ ಅವನಿಗೆ ಬಾಯಿ ಮುಚ್ಚಲು ಬಾರದು.

ಅವನದು ಎದೆನೋವು. ಎದೆಯ ನಡುವೆ ಶುರುವಾಗಿ ದವಡೆಗೆ ಏರುವ, ಎಡತೋಳನ್ನು ಭಾರ ಮಾಡುವ, ಮೆಟ್ಟಿಲು ಹತ್ತಿದರೆ ಬರುವ, ಕೂತರೆ ಇಳಿಯುವ ನೋವು. ಅಷ್ಟು ಅಚ್ಚುಕಟ್ಟಾದ ಎದೆನೋವನ್ನು ನಾನು ಪಾಠದ ಪುಸ್ತಕದ ಹೊರಗೆ ಕಂಡಿರಲಿಲ್ಲ. ಆದರೆ ಪರದೆಯ ಮೇಲೆ ಹೃದಯದ ಗೆರೆ ತಪ್ಪಿಲ್ಲದ ಕಾಪಿಬರಹದ ಹಾಗೆ ಓಡುತ್ತಿತ್ತು. ನಾಡಿ ಹುಡುಗರದ್ದು. ಒಮ್ಮೆ ಆಂಬುಲೆನ್ಸ್ ಕಳಿಸಿ ಆಸ್ಪತ್ರೆಗೂ ತರಿಸಿದೆ. ಅಲ್ಲಿ ಎಲ್ಲ ಪರೀಕ್ಷೆ ಮಾಡಿ, ಈ ಮನುಷ್ಯನಿಗೆ ಆಗಿರುವುದು ಏನೂ ಇಲ್ಲ ಎಂದು ವಾಪಸ್ ಕಳಿಸಿದರು. ಅದಾದ ಮೇಲೆ ಕರೆ ಬಂದಾಗಲೆಲ್ಲ ಆಮ್ಲಪಿತ್ತದ ಮಾತ್ರೆ ಹೇಳಿ ಸಾಗಹಾಕತೊಡಗಿದೆ. "ನಿಮ್ಮದು ಕುದುರೆ ಹೃದಯ ಕಣ್ರೀ, ಹೋಗಿ ಕೆಲಸ ಮಾಡ್ಕೊಳಿ" ಎಂದು ಬೈದೂ ಇದ್ದೆ. ಅವನು ಎಡಕ್ಕೆ ತಿರುಗಿ ಆ ಮಾತನ್ನು ಒಮ್ಮೆ ಗಟ್ಟಿಯಾಗಿ ಹೇಳಿ, ನನಗೆ ಓವರ್ ಹೇಳಿದ್ದ.

ಆ ಎಡಕ್ಕೆ ತಿರುಗುವುದೇ ನನ್ನ ತಲೆ ತಿನ್ನುತ್ತಿತ್ತು. ಏನು ಕೇಳಿದರೂ ಅವನ ಕಣ್ಣು ಮೊದಲು ಪರದೆಯಾಚೆ ಎಡಕ್ಕೆ ಹೋಗುತ್ತಿತ್ತು, ಉತ್ತರ ಆಮೇಲೆ ಬರುತ್ತಿತ್ತು. ಆ ಕಡೆ ಹೆಂಡತಿಯ ಮೊಣಕೈ ಆಗಾಗ ಕಾಣಿಸಿ ಮರೆಯಾಗುತ್ತಿತ್ತು. ಯಾರೋ ಹೇಳಿಕೊಡುತ್ತಿದ್ದಾರೆ, ಇವನು ಒಪ್ಪಿಸುತ್ತಿದ್ದಾನೆ. ಆ ಹೆಂಗಸು ಗಂಡನನ್ನು ಮುಂದಿಟ್ಟುಕೊಂಡು ಜೋರು ನೋವಿನ ಮಾತ್ರೆಗೆ ಬಲೆ ಬೀಸುತ್ತಿದ್ದಾಳೆ ಎಂದು ನಾನು ಒಳಗೊಳಗೇ ತೀರ್ಪು ಕೊಟ್ಟಾಗಿತ್ತು. ಅಂಥ ಮಾತ್ರೆಗಳಿಗೆ ಹೊರಗೆ ಗಿರಾಕಿಗಳು ಬೇಕಾದಷ್ಟು.

ನಮ್ಮ ಹಿರಿಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ, ನನಗಿಂತ ವಯಸ್ಸಿನಲ್ಲಿ ಚಿಕ್ಕವಳಾದರೂ. ಅನುಮಾನದಲ್ಲಿ ಅವಳು ನನ್ನನ್ನೂ ಮೀರಿಸಿದವಳು.

"ಇವನ ಪೆಟ್ಟಿಗೆ ವಾಪಸ್ ತರಿಸ್ಬಿಡಿ ಮೇಡಂ" ಎಂದಳು ಅವತ್ತು ಬೆಳಿಗ್ಗೆ. "ಸುಳ್ಳು ಕರೆ ಮಾಡೋರ ಲೈನ್ ಕಿತ್ತು ಹಾಕಿ ಅಂತ ನಿಯಮವೇ ಇದೆಯಲ್ಲ. ಇವನ ಜಾಗಕ್ಕೆ ಕಾಯ್ತಿರೋರು ಎಷ್ಟೋ ಜನ."

"ಇನ್ನೊಂದು ಸಲ ಕರೆ ಬರ್ಲಿ. ಕೈಯಾರೆ ಹಿಡಿದು ಆಮೇಲೆ ಕಿತ್ತು ಹಾಕ್ತೀನಿ" ಎಂದೆ. ನನ್ನ ಟೀ ಆರುವುದರೊಳಗೆ ಅವನ ಕರೆ ಬಂತು.

"ಎದೆನೋವು ಮೇಡಂ. ಯಾರೋ ಮೊಣಕಾಲೂರಿ ಕೂತ ಹಾಗಿದೆ. ಓವರ್."

ಕ್ಲಿಪ್ ಬೆರಳಿಗೆ, ಪಟ್ಟಿ ಎದೆಗೆ, ಎಲ್ಲ ಶಿಸ್ತಾಗಿ ಹಾಕಿಕೊಂಡೇ ಕೂತಿದ್ದ. ಗೆರೆಯಲ್ಲಿ ಒಂದು ಕೊಂಕಿರಲಿಲ್ಲ. ದೊಡ್ಡಕ್ಕ ನನ್ನ ಬೆನ್ನ ಹಿಂದೆ ಕೈಕಟ್ಟಿ ನಿಂತಳು.

"ನೋವು ಬೆನ್ನಿಗೆ ಹೋಗುತ್ತಾ?"

ಕಣ್ಣು ಎಡಕ್ಕೆ. "ಇಲ್ಲ ಮೇಡಂ, ದವಡೆಗೆ. ಓವರ್."

"ಬೆವರ್ತಿದೀರಾ?"

ಮತ್ತೆ ಎಡಕ್ಕೆ. "ಅಂಗಿ ತೊಯ್ದು ಹೋಗಿದೆ ಮೇಡಂ. ಓವರ್." ಅವನ ಅಂಗಿ ಇಸ್ತ್ರಿ ಮಾಡಿದ್ದು. ಹಣೆ ಒಣಗಿದ ತಟ್ಟೆಯ ಹಾಗಿತ್ತು.

ನನಗೆ ಮೈಯೆಲ್ಲ ಉರಿಯಿತು. ಬಲೆ ಬೀಸುವುದು ನನಗೂ ಗೊತ್ತು. ಅವನ ವಿವರದ ಮೇಲ್ಗಡೆ ಪರದೆಯಲ್ಲಿ ಸದಾ ಒಂದು ಕೆಂಪು ಪಟ್ಟೆ ಇರುತ್ತಿತ್ತು. ಆಸ್ಪಿರಿನ್ ಅವನಿಗೆ ವಿಷ. ಸೇನೆಯಲ್ಲಿದ್ದಾಗ ಒಂದು ನುಂಗಿ ಗಂಟಲು ಊದಿ ಸತ್ತು ಬದುಕಿದವನು. ಅಂಥವನಿಗೆ ಆಸ್ಪಿರಿನ್ ಅಂದರೆ ಸಾಕು, ನಿಜ ರೋಗಿಯಾದರೆ ಹೌಹಾರಬೇಕು. ಹೇಳಿಕೊಟ್ಟದ್ದನ್ನು ಒಪ್ಪಿಸುವವನಾದರೆ ಅದಕ್ಕೂ ಹೂಂ ಅಂದಾನು.

"ಮನೇಲಿ ಆಸ್ಪಿರಿನ್ ಇದೆಯಾ?" ಎಂದು ಕೇಳಿದೆ.

"ಇದೆ, ಇದೆ" ಎಂದು ಹೆಂಡತಿಯ ದನಿ ಬಂತು.

"ಒಂದು ಬಾಯಿಗೆ ಹಾಕ್ಕೊಂಡು ಚೆನ್ನಾಗಿ ಅಗೀರಿ. ನನ್ನ ಕಣ್ಣೆದುರಿಗೇ ಆಗ್ಬೇಕು."

ದೊಡ್ಡಕ್ಕ ನನ್ನ ಭುಜ ಹಿಂಡಿದಳು. ಸುಮ್ಮನಿರು ಎಂದು ಕೈ ಮಾಡಿದೆ. ಮಾತ್ರೆ ಅವನ ತುಟಿಯ ಹತ್ತಿರ ಬಂದರೆ ಕೂಗಿ ನಿಲ್ಲಿಸಲು ಉಸಿರು ಬಿಗಿಹಿಡಿದು ಕೂತಿದ್ದೆ. ಮೊಣಕೈ ಬಂತು, ಅವನ ಅಂಗೈಯಲ್ಲಿ ಬಿಳಿ ಮಾತ್ರೆ ಇಟ್ಟು ಹೋಯಿತು. ವೈರ್‌ಲೆಸ್ ಅದನ್ನು ಹಿಡಿದು ನೇರ ನನ್ನನ್ನೇ ನೋಡುತ್ತ ತನ್ನ ಕೈಯನ್ನು ಮೆಲ್ಲಗೆ ಎಡಕ್ಕೆ, ಪರದೆಯಾಚೆ ಚಾಚಿದ. ಕೈ ಖಾಲಿಯಾಗಿ ವಾಪಸ್ ಬಂತು. ನನ್ನ ಹೆಡ್‌ಫೋನಿನಲ್ಲಿ ಮಾತ್ರೆ ಪುಡಿಯಾಗುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ವೈರ್‌ಲೆಸ್‌ನ ಬಾಯಿ ಮುಚ್ಚಿಯೇ ಇತ್ತು.

ಸಿಕ್ಕಿಬಿದ್ದ ಎಂದು ಒಂದು ಗಳಿಗೆ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಮರುಗಳಿಗೆಗೆ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡೆ.

"ಯಾರ್ರೀ ಅಗೀತಿರೋದು?"

"ನಾನೇ ಮೇಡಂ. ಓವರ್."

"ನಿಮ್ಮ ಬಾಯಿ ಮುಚ್ಚಿದೆಯಲ್ರೀ!"

"ಸಾಕು ಮಾಡ್ರೀ ನಿಮ್ಮ ಓವರ್ರು!" ಎಂದು ಹೆಂಡತಿ ಕಿರುಚಿದಳು. ಟ್ಯಾಬ್ ಗಿರ್ರನೆ ತಿರುಗಿತು. ಗೋಡೆ, ಬಾಗಿಲ ಚೌಕಟ್ಟು, ಆಮೇಲೆ ಒಂದು ಮರದ ಮಂಚ. ಮಂಚದಂಚಿಗೆ ಒಬ್ಬ ಗಂಡಸು ಕೂತಿದ್ದ. ಬೂದಿ ಬಣ್ಣದ ಮುಖ, ಮೈಗಂಟಿದ ಒದ್ದೆ ಅಂಗಿ. ನನ್ನನ್ನು ಕಂಡು ಬೆನ್ನು ನೆಟ್ಟಗೆ ಮಾಡಲು ನೋಡಿ, ಆಗದೆ ಗೋಡೆಗೆ ಒರಗಿದ.

"ನನ್ನ ತಮ್ಮ" ಎಂದಳು ಆಕೆ.

"ಪಟ್ಟಿ ಅವರ ಎದೆಗೆ ಹಚ್ಚಿ. ಬೇಗ!"

"ಅದು ನನ್ನ ಸರ್ವಿಸ್ ನಂಬರಿಗೆ ಕೊಟ್ಟಿರೋ ಸಾಮಾನು ಮೇಡಂ" ಎಂದ ವೈರ್‌ಲೆಸ್. ಅವನು ತಮಾಷೆ ಮಾಡುತ್ತಿರಲಿಲ್ಲ. ಇಷ್ಟು ದಿನ ವೈದ್ಯರಿಗೆ ಸುಳ್ಳು ಹೇಳಲು ಅಳುಕದವನಿಗೆ, ತನ್ನ ನಂಬರಿನ ಸಾಮಾನನ್ನು ಇನ್ನೊಬ್ಬನ ಮೈಗೆ ಹಚ್ಚಲು ಕೈ ಬರುತ್ತಿರಲಿಲ್ಲ.

"ಹಚ್ರೀ!" ಎಂದು ನಾನು ಅರಚಿದ್ದಕ್ಕೆ ಇಡೀ ಮಹಡಿ ನನ್ನ ಕಡೆ ತಿರುಗಿತು. ಅವನು ಹಚ್ಚಿದ. ಪರದೆಯ ಮೇಲೆ ಗೆರೆ ಗುಡ್ಡ ಗುಡ್ಡವಾಗಿ ಎದ್ದಿತು. ಯಾವ ಅನುಮಾನಕ್ಕೂ ಎಡೆಯಿಲ್ಲದ, ಆಗುತ್ತಲೇ ಇರುವ ಹೃದಯಾಘಾತ.

ದೊಡ್ಡಕ್ಕ ಆಗಲೇ ಆಂಬುಲೆನ್ಸಿಗೆ ಫೋನ್ ಹಚ್ಚಿದ್ದಳು. ಲೈನ್ ಕಿತ್ತು ಹಾಕಿ ಅಂದವಳೇ ಈಗ ಬೇಗ ಹೊರಡಿ ಎಂದು ಅವರನ್ನು ಗದರಿಸುತ್ತಿದ್ದಳು. "ರೋಗಿ ಹೆಸರು ಕೇಳ್ತಿದ್ದಾರೆ ಮೇಡಂ, ಯಾರದ್ದು ಹೇಳ್ಲಿ?"

"ಮನೇಲಿರೋ ಮನುಷ್ಯ ಅಂತ ಹೇಳು."

ಆಂಬುಲೆನ್ಸ್ ಬರುವವರೆಗೆ ಮಂಚದ ಮೇಲಿದ್ದವನನ್ನು ಮಾತಾಡಿಸುತ್ತ ಇರಬೇಕಿತ್ತು. ಎಲ್ಲ ಹೊರಬಿತ್ತು. ಭಾವ, ಭಾವಮೈದುನ ಇಬ್ಬರೂ ಒಂದೇ ತುಕಡಿಯಲ್ಲಿದ್ದವರು. ಭಾವಮೈದುನ ಒಬ್ಬ ಅಧಿಕಾರಿಯ ಕಪಾಳಕ್ಕೆ ಬಾರಿಸಿ ಸೈನ್ಯದಿಂದ ಹೊರಬಿದ್ದಿದ್ದ. ಹಾಗಾಗಿ ಮಾಜಿ ಸೈನಿಕ ಅನ್ನಿಸಿಕೊಳ್ಳುವ ಹಕ್ಕಿಲ್ಲ, ಪೆಟ್ಟಿಗೆಯಿಲ್ಲ; ಒಬ್ಬರ ನಂಬರಿನ ಪೆಟ್ಟಿಗೆಯಲ್ಲಿ ಮನೆಯ ಬೇರೆಯವರನ್ನು ನೋಡುವ ಹಾಗೂ ಇಲ್ಲ. ಬೇರೆ ಆಸ್ಪತ್ರೆಗೆ ಹೋಗು ಎಂದರೆ, ನೋಡಿದರೆ ಸೈನ್ಯದ ಡಾಕ್ಟರೇ ನೋಡಬೇಕು ಎಂಬ ಹಠ. ಹೊರಹಾಕಿದ ಮನೆಯ ಮೇಲೇ ಅಷ್ಟು ನಂಬಿಕೆ. ಇಷ್ಟು ದಿನ ಅವನು ಮಂಚದಿಂದ ಹೇಳಿದ್ದನ್ನು ವೈರ್‌ಲೆಸ್ ನನಗೆ ದಾಟಿಸುತ್ತಿದ್ದ, ನಾನು ಹೇಳಿದ್ದನ್ನು ಅವನಿಗೆ.

"ಪಟ್ಟಿ ನಿಮ್ಮ ಭಾವನ ಎದೆ ಮೇಲಿತ್ತಲ್ಲಪ್ಪ! ನಾನು ಚೆನ್ನಾಗಿದೆ ಅಂದಿದ್ದು ಅವರ ಹೃದಯಕ್ಕೆ!"

"ಆಪರೇಟರ್ ಯಾರಾದ್ರೂ ಇರ್ಲಿ ಮೇಡಂ" ಎಂದ ಭಾವಮೈದುನ, ಏದುಸಿರಿನ ನಡುವೆ ಒಂದೊಂದೇ ಮಾತು. "ಉತ್ತರ ಯಾವಾಗ್ಲೂ... ಸಂದೇಶ ಕಳ್ಸಿದವನಿಗೇ. ಕುದುರೆ ಹೃದಯ ಅಂದ್ರಲ್ಲ ನೀವು. ಧೈರ್ಯ ಬಂತು. ಮತ್ತೆ ಇಟ್ಟಿಗೆ ಹೊರೋ ಕೆಲ್ಸಕ್ಕೆ ಹೋದೆ."

ದೊಡ್ಡಕ್ಕ ನನ್ನ ಹೆಡ್‌ಫೋನ್ ತೆಗೆದು ತಾನು ಹಾಕಿಕೊಂಡು ಅವನೊಡನೆ ಮಾತು ಮುಂದುವರಿಸಿದಳು.

ಆಸ್ಪತ್ರೆಯವರೆಗೆ ಅವನು ಜೀವ ಹಿಡಿದುಕೊಂಡಿದ್ದ. ಸಂಜೆ ಹೊತ್ತಿಗೆ ಹೋಗಿಬಿಟ್ಟ.

ಕೆಲವು ದಿನ ಬಿಟ್ಟು ವೈರ್‌ಲೆಸ್ ತಾನೇ ಮಹಡಿ ಹತ್ತಿ ಬಂದು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟ. ಒರೆಸಿ, ವೈರು ಸುತ್ತಿ, ಹೊಸದರಂತೆ ಮಾಡಿ ತಂದಿದ್ದ. "ಸಾಮಾನೆಲ್ಲ ಸರಿಯಾಗಿದೆ, ನೋಡ್ಕೊಳಿ" ಎಂದ. ಅವತ್ತು ಓವರ್ ಅನ್ನಲಿಲ್ಲ.

"ಒಂದು ಮಾತು ಹೇಳೋಕಾಗ್ಲಿಲ್ವೇನ್ರೀ ನಿಮಗೆ?" ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದಿದ್ದವು.

"ನೀವು ಕೇಳಿದ್ದಕ್ಕೆಲ್ಲ ಉತ್ರ ಕೊಟ್ಟೆ ಮೇಡಂ. ನೋವು ಎಲ್ಲಿ, ಯಾವಾಗ, ಎಷ್ಟು, ಎಲ್ಲ ಕೇಳಿದ್ರಿ. ಯಾರಿಗೆ ಅಂತ ಒಂದ್ಸಲಾನೂ ಕೇಳ್ಲಿಲ್ಲ."

ಪೆಟ್ಟಿಗೆಯನ್ನು ಅವನ ಕೈಗೇ ವಾಪಸ್ ಕೊಟ್ಟು ಕಳಿಸಿದೆ. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಮಾರನೆಯ ದಿನವೇ ಹೊಸ ನಿಯಮ ಹೊರಡಿಸಿದೆ. ಕರೆ ಮಾಡಿದವರು ಮೊದಲು ಟ್ಯಾಬ್ ತಿರುಗಿಸಿ ಇಡೀ ಕೋಣೆ ತೋರಿಸಬೇಕು, ಆಮೇಲೆಯೇ ರೋಗದ ಮಾತು. ಇನ್ನು ಯಾರೂ ನನ್ನ ಕಣ್ಣಿಗೆ ಮಣ್ಣೆರಚಲಾರರು ಎಂದುಕೊಂಡೆ.

"ಮೇಡಂ, ಕೋಣೆ ತೋರ್ಸಿ ಅಂದ ತಕ್ಷಣ ಲೈನ್ ಕಟ್ ಮಾಡ್ತಿದ್ದಾರೆ" ಎಂದಳು ದೊಡ್ಡಕ್ಕ ಮಧ್ಯಾಹ್ನ. "ಒಬ್ರಿಬ್ರಲ್ಲ."

"ನೋಡಿದ್ಯಾ? ಎಲ್ಲ ಕಳ್ಳರೇ" ಎಂದು ಹೇಳಿಯೂಬಿಟ್ಟೆ. ಹೇಳಿ ಮುಗಿಯುವಷ್ಟರಲ್ಲಿ ನಾಲಿಗೆ ಕಹಿಯಾಯಿತು. ಕಟ್ ಮಾಡಿದವರ ಪಟ್ಟಿ ತರಿಸಿ ನೋಡಿದೆ. ಎಲ್ಲರೂ ಹಿಂದೆ ಕರೆ ಮಾಡಿದವರೇ, ದೂರು ಭಾರಿ, ಗೆರೆ ಶುದ್ಧ. ಅಷ್ಟೂ ಜನಕ್ಕೆ ನಾವು ಏನೂ ಆಗಿಲ್ಲ ಎಂದು ಹೇಳಿ ಕಳಿಸಿದ್ದೆವು. ಅಷ್ಟೂ ಕೋಣೆಗಳಲ್ಲಿ ಪರದೆಯಾಚೆ ಯಾರು ಕೂತಿದ್ದರು, ಅವರಲ್ಲಿ ಈಗ ಯಾರು ಉಳಿದಿದ್ದಾರೆ?

ಪಟ್ಟಿಯಲ್ಲಿದ್ದ ಮೊದಲನೆಯವನಿಗೆ ನಾನೇ ಕರೆ ಮಾಡಿದೆ. ಸೈನ್ಯದ ಲಾರಿ ಓಡಿಸುತ್ತಿದ್ದ ನಿವೃತ್ತ ಚಾಲಕ. ಪರದೆಯ ಮೇಲೆ ಅವನ ಮುಖ ಬಂತು, ಬಿಗಿದುಕೊಂಡ ಮುಖ. ಉಸಿರಾಟದ ತೊಂದರೆ ಎಂದು ಬೆಳಿಗ್ಗೆ ಕರೆ ಮಾಡಿ ಕಟ್ ಮಾಡಿದವನು ಆರಾಮವಾಗಿ ಉಸಿರಾಡುತ್ತಿದ್ದ.

"ಕೋಣೆ ತೋರ್ಸಲ್ಲ ಮೇಡಂ" ಎಂದ ಮೊದಲೇ.

"ಬೇಡ, ತೋರಿಸ್ಬೇಡಿ. ಪಕ್ಕದಲ್ಲಿ ಯಾರಿದ್ದಾರೆ ಅಂತಾನೂ ಕೇಳಲ್ಲ. ಬೆರಳಿಗೆ ಕ್ಲಿಪ್ ಹಾಕ್ಕೊಳಿ."

ಅವನು ಹಾಕಿಕೊಂಡ. ನಿಧಾನವಾದ, ಸಮನಾದ ಬೀಪ್ ನನ್ನ ಕಿವಿಗೆ ಬಂತು.

"ಈಗ ನಾನು ಗೋಡೆ ಕಡೆ ತಿರುಗಿ ಕೂರ್ತೀನಿ. ಸಾಮಾನು ನಿಮ್ಮದಲ್ಲ, ನನ್ನದು. ಯಾರ ಬೆರಳಿಗೆ ಬೇಕಾದ್ರೂ ಹಾಕೋ ಅನುಮತಿ ನಾನು ಕೊಡ್ತಿದ್ದೀನಿ. ನೋವು ಯಾರಿಗಿದೆಯೋ ಅವರಿಗೆ ಹಾಕಿ."

"ನೀವು ತಿರುಗಿ ನೋಡಲ್ಲ ಅಂತ ಹೆಂಗೆ ನಂಬೋದು?"

ನಾನೇ ಕೇಳುವ ಪ್ರಶ್ನೆ ಅದು. ದೊಡ್ಡಕ್ಕನನ್ನು ದೂರ ಕಳಿಸಿ, ಕುರ್ಚಿ ತಿರುಗಿಸಿ, ಪರದೆಗೆ ಬೆನ್ನು ಹಾಕಿ ಕೂತೆ. ಎದುರಿಗೆ ಗೋದಾಮಿನ ಗೋಡೆ, ಸುಣ್ಣ ಎದ್ದ ಕಡೆ ಯಾರೋ ಅಂಟಿಸಿದ ಕ್ಯಾಲೆಂಡರು. ತಿರುಗಿ ನೋಡಬೇಕೆಂದು ಕತ್ತು ತುಡಿಯುತ್ತಿತ್ತು. ಬೀಪ್ ನಿಂತಿತು. ಪಿಸುಮಾತು, ಮಂಚದ ಕಿರುಗುಟ್ಟುವಿಕೆ, ಯಾರೋ ಬೇಡ ಬೇಡ ಎಂದದ್ದು, ಇನ್ಯಾರೋ ಸುಮ್ಮನಿರು ಎಂದದ್ದು.

ಆಮೇಲೆ ಬೀಪ್ ಮತ್ತೆ ಶುರುವಾಯಿತು. ಈಗ ಅದು ಓಡುತ್ತಿತ್ತು, ಎಡವುತ್ತಿತ್ತು, ಒಂದೆರಡು ಬಡಿತ ಬಿಟ್ಟು ಮತ್ತೆ ಓಡುತ್ತಿತ್ತು. ಯಾರೋ ಹೆಂಗಸಿನ ಗೊರಗೊರ ಉಸಿರು ಕಿವಿಯ ಹತ್ತಿರವೇ ಕೇಳಿಸಿತು.

"ಹೇಳಮ್ಮಾ" ಎಂದೆ ಗೋಡೆಗೆ. "ಎಷ್ಟು ದಿನದಿಂದ ಹೀಗಿದೆ ನಿಮಗೆ?"